ಗೂಡಿನ ಮಾರುಕಟ್ಟೆಯಲ್ಲಿ ಅಪ್ಪನನ್ನು ಕೂಗಿದ್ದು

ಆ ದಿನ ಅಮ್ಮ ನನ್ನನ್ನು ಎಬ್ಬಿಸಿ ಹೇಳಿದ್ದು ಇಷ್ಟೇ: “ಏಳು, ಅಪ್ಪನ ಊರಿಗೆ ಹೋಗಣ.”

ನನಗಾಗ ಎಂಟು ವರ್ಷ. ಅಪ್ಪನನ್ನು ನೋಡಿ ಎರಡು ವರ್ಷವಾಗಿತ್ತು. ಅವನು ಶಿಡ್ಲಘಟ್ಟದಲ್ಲಿ ರೇಷ್ಮೆ ಗೂಡು ಕೊಂಡು ನೂಲು ತೆಗೆಸುತ್ತಿದ್ದ. ನಾನೂ ಅಮ್ಮನೂ ತೊಂಡೇಬಾವಿಯಲ್ಲಿ ಸೋದರಮಾವನ ಮನೆಯಲ್ಲಿದ್ದೆವು. ಅಮ್ಮ ಗಾರ್ಮೆಂಟ್ಸ್‌ಗೆ ಹೋಗುತ್ತಿದ್ದಳು. ನನ್ನನ್ನು ಸಾಕಲು ಅಪ್ಪ ತಿಂಗಳು ತಿಂಗಳು ಜೀವನಾಂಶ ಕಟ್ಟಬೇಕೆಂದು ಗೌರಿಬಿದನೂರಿನ ಕೋರ್ಟು ಹೇಳಿತ್ತಂತೆ. ಮೂರು ತಿಂಗಳು ಕಟ್ಟಿ ಅಪ್ಪ ನಿಲ್ಲಿಸಿಬಿಟ್ಟ. ವಾರಂಟ್ ಹಿಡಿದು ಹೋದ ಪೊಲೀಸರು ಎರಡು ಸಲವೂ ಮನೆಗೆ ಬೀಗ ಹಾಕಿದೆ ಎಂದು ಬರೆದು ತಂದರು. ಮೂರನೆಯ ಸಲ ಅಮ್ಮನೇ, ನಮ್ಮ ಯಜಮಾನರು ಬೆಳಗ್ಗೆ ಗೂಡಿನ ಮಾರುಕಟ್ಟೆಗೆ ಬಂದೇ ಬರುತ್ತಾರೆ, ನಾನೇ ತೋರಿಸುತ್ತೇನೆ ಎಂದಳು. ಇದೆಲ್ಲ ನನಗೆ ತಿಳಿದದ್ದು ದೊಡ್ಡವಳಾದ ಮೇಲೆ. ಆ ದಿನ ನನಗೆ ಗೊತ್ತಿದ್ದದ್ದು ಅಪ್ಪನ ಊರು ಎಂಬ ಎರಡು ಮಾತು ಮಾತ್ರ.

ಗೌರಿಬಿದನೂರಿನ ಬಸ್ ಸ್ಟ್ಯಾಂಡಿನಲ್ಲಿ ಗಿಡ್ಡ ಕೂದಲಿನ ಒಬ್ಬ ಮಾಮ ನಮ್ಮ ಜೊತೆಯಾದ. ಚೌಕುಳಿ ಅಂಗಿ ಹಾಕಿದ್ದ. ಅಮ್ಮ ಅವನನ್ನು ಸಾರ್ ಎನ್ನುತ್ತಿದ್ದಳು. ಅವನು ನನಗೊಂದು ಬನ್ನು ಕೊಡಿಸಿ, “ತಿನ್ನು ಪಾಪ, ದಾರಿ ಉದ್ದ ಐತೆ” ಎಂದ. ಅವನು ಪೊಲೀಸ್ ಇರಬಹುದೆಂದು ನನಗೇಕೆ ಹೊಳೆಯಬೇಕು? ಅಮ್ಮನ ಕಡೆಯ ಯಾರೋ ನೆಂಟ ಅಂದುಕೊಂಡೆ.

ಮಂಚೇನಹಳ್ಳಿ ದಾಟುವಾಗ ಕಿಟಕಿಯಾಚೆ ಮಂಜು ತುಂಬಿತ್ತು. ಬೆಟ್ಟಗಳ ಬುಡ ಕಾಣದೆ ಬರಿಯ ತಲೆಗಳು ನಮ್ಮ ಜೊತೆ ತೇಲಿ ಬರುತ್ತಿದ್ದವು. ಒಮ್ಮೆ ನಿದ್ದೆ, ಒಮ್ಮೆ ಎಚ್ಚರ. ಚಿಕ್ಕಬಳ್ಳಾಪುರದಲ್ಲಿ ಬಸ್ಸು ಬದಲಿಸಿದ್ದು ನನಗೆ ನೆನಪಿಲ್ಲ. ಅಮ್ಮ ಎತ್ತಿಕೊಂಡೇ ಹತ್ತಿಸಿರಬೇಕು. ಮುಂದಿನ ನೆನಪು ಬಿಳುಪಿನದು. ದೊಡ್ಡ ಚಾವಣಿಯ ಕೆಳಗೆ ಸಾಲು ಸಾಲಾಗಿ ಹರಡಿದ ಗೂಡು, ನಡುವೆ ಜನರ ಗದ್ದಲ, ರೇಷ್ಮೆ ಹುಳುವಿನ ಆ ಗಾಟು ವಾಸನೆ. ಅಪ್ಪನ ಅಂಗಿಯ ವಾಸನೆಯೂ ಅದೇ.

ಅಮ್ಮ ಒಂದು ಕಂಬದ ಮರೆಯಲ್ಲಿ ನಿಂತಳು.

“ಯಾರಮ್ಮಾ? ತೋರಿಸಿ,” ಎಂದ ಚೌಕುಳಿ ಅಂಗಿಯ ಮಾಮ.

ಅಮ್ಮ ನೋಡುತ್ತಿದ್ದ ಕಡೆಗೇ ನಾನೂ ನೋಡಿದೆ. ಅಪ್ಪ ಬಗ್ಗಿ, ಒಂದು ಗೂಡನ್ನು ಎತ್ತಿ, ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸುತ್ತಿದ್ದ. ಒಳಗಿನ ಹುಳು ಸದ್ದು ಮಾಡುತ್ತದೆಯೇ ಎಂದು ಕೇಳಿಸಿಕೊಳ್ಳುತ್ತಿದ್ದ ಅವನ ಮುಖ ನಿದ್ದೆಯಲ್ಲಿದ್ದಂತೆ ಶಾಂತವಾಗಿತ್ತು.

ಅಮ್ಮ ಮೆಲ್ಲಗೆ ಅಂದಳು, “ಕಾಣಿಸ್ತಿಲ್ಲ ಸಾರ್. ಇವತ್ತು ಬಂದಿಲ್ಲವೇನೋ.”

ಅಷ್ಟರಲ್ಲಿ ನಾನು ಕೂಗಿಬಿಟ್ಟಿದ್ದೆ. “ಅಪ್ಪಾ!”

ಅಪ್ಪ ತಲೆ ಎತ್ತಿದ. ನಾನು ಓಡಿದೆ. ಅವನು ನನ್ನನ್ನು ಎತ್ತಿಕೊಂಡು, “ಅಯ್ಯೋ ನಮ್ಮಮ್ಮ, ಎಷ್ಟು ಉದ್ದ ಆಗಿದ್ದೀಯೇ!” ಎಂದು ಕೆನ್ನೆಗೆ ಕೆನ್ನೆ ಒತ್ತಿದ. ಅವನ ಭುಜದ ಮೇಲಿಂದ ನನಗೆ ಇಡೀ ಮಾರುಕಟ್ಟೆ ಮೋಡದ ಹಾಗೆ ಕಂಡಿತು. ಮಾಮ ಬಂದು ಪಕ್ಕದಲ್ಲಿ ನಿಂತ. ಅವಸರ ಮಾಡಲಿಲ್ಲ. ಸ್ವಲ್ಪ ಹೊತ್ತು ಬಿಟ್ಟು, “ಮೊದ್ಲು ಮಗೂನ ಕೆಳಗಿಳಿಸಪ್ಪ. ಆಮೇಲೆ ಮಾತಾಡಣ,” ಎಂದ.

ವಾಪಸು ನಾವು ನಾಲ್ವರೂ ಒಂದೇ ಬಸ್ಸಿನಲ್ಲಿ ಬಂದೆವು. ನಾನು ಅಪ್ಪನ ತೊಡೆಯ ಮೇಲೆ, ಪಕ್ಕದಲ್ಲಿ ಮಾಮ, ಮುಂದಿನ ಸೀಟಿನಲ್ಲಿ ಹಿಂದೆ ತಿರುಗದೆ ಕೂತ ಅಮ್ಮ. ಹೊರಗೆ ಬಿಸಿಲು ಬಂದಿತ್ತು, ದ್ರಾಕ್ಷಿ ಚಪ್ಪರಗಳು ಹಿಂದಕ್ಕೆ ಜಾರುತ್ತಿದ್ದವು. ಅಪ್ಪ ನನ್ನ ತಲೆ ನೇವರಿಸುತ್ತಿದ್ದ. ಅಪ್ಪ ಅಮ್ಮ ಇಬ್ಬರೂ ಜೊತೆಗಿದ್ದಾರೆ, ಎಲ್ಲರೂ ಮನೆಗೆ ಹೋಗುತ್ತಿದ್ದೇವೆ ಎಂದುಕೊಂಡೇ ನಿದ್ದೆ ಹೋದೆ. ಅಷ್ಟು ಸುಖದ ನಿದ್ದೆ ನನಗೆ ಮತ್ತೆ ಬಂದ ನೆನಪಿಲ್ಲ.

ಕೋರ್ಟಿನಲ್ಲಿ ಸಂಜೆಯವರೆಗೆ ಕೂರಿಸಿದರು. ದೊಡ್ಡಪ್ಪ ಬಂದು ಬಾಕಿಯಲ್ಲಿ ಅರ್ಧ ಕಟ್ಟಿದ ಮೇಲೆ ಅಪ್ಪನನ್ನು ಬಿಟ್ಟರು. ಅವನು ನನ್ನ ಕಡೆ ನೋಡದೆ ಹೋದ. ವರ್ಷವೊಂದು ನೆಟ್ಟಗೆ ಕಟ್ಟಿ ಮತ್ತೆ ನಿಲ್ಲಿಸಿದ. ಅಮ್ಮ ಮತ್ತೆ ಅರ್ಜಿ ಹಾಕಿದಳು, ಆದರೆ ನನ್ನನ್ನು ಇನ್ನೆಂದೂ ಜೊತೆಗೆ ಕರೆದೊಯ್ಯಲಿಲ್ಲ. ನಾನು ಕೂಗಿದ್ದರಿಂದಲೇ ಅಪ್ಪನನ್ನು ಹಿಡಿದರು ಎಂಬುದು ಅರ್ಥವಾದಾಗ ನಾನು ಏಳನೆಯ ಕ್ಲಾಸು. ಎಷ್ಟೋ ದಿನ ಜೋರಾಗಿ ಮಾತಾಡಲು ಹೆದರುತ್ತಿದ್ದೆ. ಒಂದು ಸಲ ಅಮ್ಮನನ್ನು ಕೇಳಿಯೇಬಿಟ್ಟೆ, “ಅವತ್ತು ನಿಂಗೆ ಅಪ್ಪ ಕಂಡಿದ್ರಲ್ವಾ?”

ಅಮ್ಮ ಅಕ್ಕಿ ಆರಿಸುತ್ತಿದ್ದಳು. “ಕಂಡಿದ್ರು,” ಎಂದಳು. “ತುಂಬಾ ಸಣ್ಣಗಾಗಿದ್ರು.”

ಅಮ್ಮನ ಓವರ್‌ಟೈಮಿನ ಸಂಬಳದಲ್ಲಿ ನರ್ಸಿಂಗ್ ಓದಿದೆ. ಈಗ ಚಿಂತಾಮಣಿಯಲ್ಲಿ ಕೆಲಸ. ಹೋದ ವರ್ಷ ಅಪ್ಪ ನನ್ನನ್ನು ಹುಡುಕಿಕೊಂಡು ಬಂದ. ಹೋಟೆಲಿನಲ್ಲಿ ಎದುರುಬದುರು ಕೂತೆವು. ಅವನೇ ಮಾತು ತೆಗೆದ.

“ನಿಮ್ಮಮ್ಮನ ಕೈಗೆ ದುಡ್ಡು ಕೊಡಕ್ಕೆ ಮನಸ್ಸು ಬರ್ತಿರಲಿಲ್ಲ ಕಣಮ್ಮ. ಅಷ್ಟು ಕೋಪ ಇತ್ತು.”

“ಅದು ಅಮ್ಮನ ದುಡ್ಡಲ್ಲ ಅಪ್ಪ. ನನ್ನ ಊಟದ್ದು, ನನ್ನ ಸ್ಕೂಲಿಂದು.”

ಅವನು ಕಾಫಿ ಲೋಟ ಪಕ್ಕಕ್ಕೆ ಸರಿಸಿದ. ಆಮೇಲೆ, “ಹೌದು, ತಪ್ಪಾಯ್ತು,” ಎಂದ. ಅಳಲಿಲ್ಲ, ಇನ್ನೊಂದು ಕಾರಣ ಹೇಳಲಿಲ್ಲ. ಅದು ನನಗೆ ಹಿಡಿಸಿತು.

ಈಗ ಅವನು ಹಳೆಯ ಬಾಕಿಯನ್ನು ಚೂರುಚೂರಾಗಿ ಅಮ್ಮನ ಖಾತೆಗೆ ಹಾಕುತ್ತಾನೆ. ಕೆಲವು ತಿಂಗಳು ಬರುತ್ತದೆ, ಕೆಲವು ತಿಂಗಳು ಇಲ್ಲ. ಬಂದಾಗ ಅಮ್ಮ ನನಗೆ ಫೋನ್ ಮಾಡಿ, “ಬಂತು ಕಣೇ” ಎಂದಷ್ಟೇ ಹೇಳುತ್ತಾಳೆ. ಬಹಳ ದಿನ ಅವಳು ಆ ದುಡ್ಡನ್ನು ಮುಟ್ಟಿರಲಿಲ್ಲ. ಸೂಜಿಯ ಕಣ್ಣು ಕಾಣುತ್ತಿಲ್ಲವೆಂದು ಗೊಣಗುತ್ತಿದ್ದವಳು ಕಳೆದ ತಿಂಗಳು ಅದರಲ್ಲಿ ಕನ್ನಡಕ ಮಾಡಿಸಿಕೊಂಡಳು.