ಹಸಿರು ಮಸಿಯ ಕಾರ್ಡುಗಳು

ಮೂವತ್ತೊಂದು ವರ್ಷ ನಾನು ಮೈಸೂರಿನ ಒಂದು ಕಾಲೇಜಿನ ಲೈಬ್ರರಿಯಲ್ಲಿ ಕ್ಯಾಟಲಾಗ್ ವಿಭಾಗ ನೋಡಿಕೊಂಡೆ. ಅಂದರೆ ಸಾವಿರಾರು ಜನರ ಹೆಸರುಗಳನ್ನು ಕಾರ್ಡಿನ ಮೇಲೆ ಬರೆದು, ಅಕ್ಷರದ ಸಾಲಿನಲ್ಲಿ ಮರದ ಡ್ರಾಯರಿನೊಳಗೆ ನಿಲ್ಲಿಸಿ, ಅಲುಗಾಡದಂತೆ ಕೆಳಗಿನ ತೂತಿನಲ್ಲಿ ಕಬ್ಬಿಣದ ಸರಳು ತೂರಿಸುವ ಕೆಲಸ. ಅಲ್ಲಿ ನನಗೆ ಕಲಿಸಿದ ಮೊದಲ ಪಾಠ, ಪುಸ್ತಕ ನಿಜ ಹೇಳುತ್ತದೆಯೋ ಸುಳ್ಳು ಹೇಳುತ್ತದೆಯೋ ಎಂಬುದು ನಮಗೆ ಸಂಬಂಧಿಸಿದ್ದಲ್ಲ, ಅದು ಎಲ್ಲಿ ನಿಲ್ಲಬೇಕು ಎಂಬುದಷ್ಟೇ ನಮ್ಮದು. ಎರಡನೆಯ ಪಾಠ, ಒಮ್ಮೆ ಒಳಗೆ ಹೋದ ಕಾರ್ಡನ್ನು ಹೊರಗೆ ತೆಗೆಯಬೇಕಾದರೆ ಚೀಟಿಯ ಮೇಲೆ ಕಾರಣ ಬರೆದು ಸಹಿ ಹಾಕಬೇಕು. ಬಾಯಿಮಾತಿಗೆ ತೆಗೆಯಲು ಬಿಟ್ಟರೆ ಪ್ರಿನ್ಸಿಪಾಲರ ಭಾವಮೈದುನನ ಪುಸ್ತಕ ಮಾತ್ರ ಉಳಿಯುತ್ತದೆ.

ಈ ಎರಡು ಪಾಠಗಳು ಟೆಕ್ಸಾಸಿನ ಕಾಪೆಲ್‌ನಲ್ಲಿ, ಮಾರ್ಮನ್ ಎಂಬ ಕ್ರೈಸ್ತ ಪಂಥದ ಒಬ್ಬ ಹಿರಿಯರ ಊಟದ ಮೇಜಿನ ಮೇಲೆ ಮತ್ತೆ ಕೆಲಸಕ್ಕೆ ಬರುತ್ತವೆಂದು ನಾನು ಎಣಿಸಿರಲಿಲ್ಲ.

ಎರಡು ಸಾವಿರದ ಇಸವಿ ದಾಟಿ ಮೂರು ವರ್ಷವಾಗಿತ್ತು. ನಾನು, ನಮ್ಮ ಯಜಮಾನರು ಮಗಳ ಮನೆಯಲ್ಲಿದ್ದೆವು. ಮಗಳು, ಅಳಿಯ ಬೆಳಿಗ್ಗೆ ಎಂಟಕ್ಕೆ ಲಾಸ್ ಕೊಲಿನಾಸ್‌ನ ಆಫೀಸಿಗೆ ಹೊರಟರೆ ಮನೆ ನನ್ನ ಟೈಮ್‌ಟೇಬಲ್ಲಿಗೆ ಬರುತ್ತಿತ್ತು. ಎಂಟೂ ಹತ್ತಕ್ಕೆ ವಾಕಿಂಗ್, ಒಂಬತ್ತೂವರೆಗೆ ಕಾಫಿ, ಹನ್ನೆರಡೂವರೆಗೆ ಊಟ. ಆ ಬೀದಿಯಲ್ಲಿ ನಡೆಯುತ್ತಿದ್ದವರು ನಾನು ಮತ್ತು ನಾಯಿಗಳು. ನಾಯಿಗಳ ಜೊತೆಗಾದರೂ ಯಾರಾದರೂ ಇರುತ್ತಿದ್ದರು.

ಪಕ್ಕದ ಮನೆಯವರು ವಿಮಾನಗಳ ತಪಾಸಣೆ ಮಾಡಿ ನಿವೃತ್ತರಾದವರು. ಹೆಂಡತಿ ತೀರಿಹೋಗಿದ್ದರು. ಫುಟ್‌ಪಾತಿನ ಅಂಚಿಗೆ ಸ್ಕೇಲು ಇಟ್ಟ ಹಾಗೆ ಹುಲ್ಲು ಕತ್ತರಿಸುತ್ತಿದ್ದರು. ಅದನ್ನು ನೋಡಿಯೇ ನಾನು ಮಾತಾಡಿಸಿದ್ದು. ಒಂದು ದಿನ ಮನೆಗೆ ಕರೆದು ಫಿಲ್ಟರ್ ಕಾಫಿ ಕೊಟ್ಟೆ. ಅವರು ಲೋಟವನ್ನು ಮೆಲ್ಲಗೆ ನನ್ನ ಕಡೆ ಸರಿಸಿ, "ಕ್ಷಮಿಸಿ ಮ್ಯಾಮ್, ನಮ್ಮ ಧರ್ಮದಲ್ಲಿ ಕಾಫಿ, ಟೀ ಕುಡಿಯೋದಿಲ್ಲ," ಅಂದರು.

ಅವರು ಹೋದ ಮೇಲೆ ನಮ್ಮ ಯಜಮಾನರು ಕುದಿಯುತ್ತಿದ್ದರು.

"ನೋಡ್ದೇನೇ, ನಮ್ಮನೇಲಿ ಕುಡಿಯಲ್ವಂತೆ."

"ನಿಮ್ಮಮ್ಮ ನಲವತ್ತು ವರ್ಷ ಯಾರ ಮನೇಲಾದ್ರೂ ನೀರು ಕುಡಿದಿದ್ರೇನ್ರೀ?"

"ಅದು ಬೇರೆ."

"ಏನು ಬೇರೆ?"

"ಅದು ಮಡಿ ಕಣೇ. ಇದು ಅವಮಾನ."

ಮಾರನೆಯ ದಿನದಿಂದ ಅವರಿಗೆ ಮಜ್ಜಿಗೆ ಕೊಡತೊಡಗಿದೆ. ಇಂಗು ಹಾಕಿದರೂ ಕುಡಿದರು. ಧರ್ಮದಲ್ಲಿ ಇಂಗಿನ ಬಗ್ಗೆ ಏನೂ ಹೇಳಿಲ್ಲವಂತೆ.

ಅವರ ಊಟದ ಮೇಜು ತುಂಬ ಕಾರ್ಡುಗಳಿದ್ದವು. ಷೂ ಡಬ್ಬಗಳಲ್ಲಿ, ರಬ್ಬರ್‌ಬ್ಯಾಂಡ್ ಹಾಕಿ, ಯಾವ ಸಾಲೂ ಇಲ್ಲದೆ. ನನ್ನ ಕೈ ತುರಿಸಿತು. ಏನಿದು ಎಂದು ಕೇಳಿದಾಗ ವಿಷಯ ತಿಳಿಯಿತು. ಅವರ ಧರ್ಮದವರಿಗೆ, ಅಂದರೆ ಮಾರ್ಮನ್ನರಿಗೆ, ಬೈಬಲ್ಲಿನ ಜೊತೆಗೆ ಇನ್ನೊಂದು ಗ್ರಂಥವಿದೆ. ಪುರಾತನ ಕಾಲದಲ್ಲಿ ಜೆರುಸಲೇಮಿನ ಕಡೆಯಿಂದ ಹಡಗೇರಿ ಅಮೆರಿಕಕ್ಕೆ ಬಂದವರ ಕಥೆ. ಚಿನ್ನದ ತಗಡುಗಳ ಮೇಲಿದ್ದ ಅದು ಹತ್ತೊಂಬತ್ತನೆಯ ಶತಮಾನದಲ್ಲಿ ಇಲ್ಲಿನ ಒಬ್ಬ ಹಳ್ಳಿಯ ಯುವಕನಿಗೆ ಸಿಕ್ಕಿತು ಎಂಬುದು ನಂಬಿಕೆ. ಅದರಲ್ಲಿ ಬೇರೆಲ್ಲೂ ಕಾಣದ ಹೆಸರುಗಳು ರಾಶಿಯಾಗಿವೆ. ಜಗಳ ಆ ಹೆಸರುಗಳದ್ದು. ಅವು ಹೀಬ್ರೂ, ಈಜಿಪ್ಟಿನ ಮೂಲದವು, ಹಳ್ಳಿಯ ಯುವಕ ಅವನ್ನು ಹುಟ್ಟಿಸಲು ಸಾಧ್ಯವೇ ಇಲ್ಲ ಎಂದು ಭಕ್ತರ ವಾದ. ಬೈಬಲ್ಲಿನ ಹೆಸರುಗಳ ಬಾಲ ತಿರುಚಿ, ಭೂಪಟ ನೋಡಿ, ಅಕ್ಕಪಕ್ಕದ ಊರುಗಳಿಂದ ಎತ್ತಿ ಅವನೇ ಮಾಡಿಕೊಂಡ ಎಂದು ಉಳಿದವರ ವಾದ. ಆ ಹೆಸರುಗಳನ್ನು ನಾನು ಇಲ್ಲಿ ಬರೆಯುವುದಿಲ್ಲ. ಅವು ಇನ್ನೊಬ್ಬರ ದೇವರಮನೆಯ ಸಾಮಾನು.

ಇದನ್ನು ಕೇಳಿ ನಗುವುದಕ್ಕೆ ನನಗೆ ಬಾಯಿ ಇರಲಿಲ್ಲ. ನಮ್ಮ ಯಜಮಾನರಿಗೆ ಹ್ಯೂಸ್ಟನ್‌ನಲ್ಲಿ ಒಬ್ಬ ಸ್ನೇಹಿತರಿದ್ದರು, ನಿವೃತ್ತ ಮಕ್ಕಳ ಡಾಕ್ಟರು. ಪ್ರಪಂಚದ ಎಲ್ಲ ಹೆಸರೂ ಸಂಸ್ಕೃತದಿಂದ ಬಂದದ್ದು, ಉಳಿದರೆ ಕನ್ನಡದಿಂದ ಬಂದದ್ದು ಎಂದು ಅವರ ಸಿದ್ಧಾಂತ. ಅವರ ಪ್ರಕಾರ ಹ್ಯೂಸ್ಟನ್ ಎಂದರೆ ಹಸ್ತಿನ. ಡಾಲಸ್ ಎಂದರೆ ದಳ, ಅಂದರೆ ಸೈನ್ಯ ಬೀಡುಬಿಟ್ಟ ಜಾಗ. ಆಸ್ಟಿನ್ ಟೆಕ್ಸಾಸಿನ ರಾಜಧಾನಿ ತಾನೆ, ಅದು ಆಸ್ಥಾನ. ಯುಗಾದಿಯ ಊಟಕ್ಕೆ ಸೌತ್‌ಲೇಕ್‌ನ ಒಂದು ದೊಡ್ಡ ಮನೆಯಲ್ಲಿ ಕನ್ನಡಿಗರೆಲ್ಲ ಸೇರಿದಾಗ ಇದನ್ನು ಹೇಳಿ ಅವರು ಚಪ್ಪಾಳೆ ಗಿಟ್ಟಿಸಿದ್ದರು. ಚಪ್ಪಾಳೆ ತಟ್ಟಿದವರಲ್ಲಿ ಹೃದಯ ತಜ್ಞರು ಇಬ್ಬರು, ರಾಕೆಟ್ ಎಂಜಿನಿಯರ್ ಒಬ್ಬರು. ನಮ್ಮ ಯಜಮಾನರು ತೂಕ ಮತ್ತು ಅಳತೆ ಇಲಾಖೆಯಲ್ಲಿ ಇನ್ಸ್‌ಪೆಕ್ಟರಾಗಿದ್ದವರು. ದಿನಸಿ ಅಂಗಡಿಯ ತಕ್ಕಡಿಯಲ್ಲಿ ಒಂದು ಹುಣಿಸೆಬೀಜದಷ್ಟು ವ್ಯತ್ಯಾಸ ಕಂಡರೂ ಬಿಡದವರು. ಅವರೂ ತಟ್ಟಿದರು.

ಪಕ್ಕದ ಮನೆಯವರದು ಚಪ್ಪಾಳೆಯ ವಿಷಯವಾಗಿರಲಿಲ್ಲ. ಅವರಿಗೆ ಒಬ್ಬಳೇ ಮಗಳು, ಆಸ್ಟಿನ್‌ನಲ್ಲಿ ಶಾಲೆಯ ಟೀಚರು. ಎರಡು ವರ್ಷದ ಹಿಂದೆ ಧರ್ಮ ಬಿಟ್ಟಿದ್ದಳು. ಬಿಟ್ಟದ್ದಕ್ಕೆ ಕಾರಣವೆಂದು ಹನ್ನೊಂದು ಪುಟದ ಕಾಗದ ಬರೆದಿದ್ದಳು, ಎಲ್ಲ ಹೆಸರುಗಳ ಬಗ್ಗೆ. ಗ್ರಂಥದ ಒಬ್ಬ ದೇವದೂತನ ಹೆಸರಿನ ಊರು ಆಫ್ರಿಕದ ಪಕ್ಕದ ಒಂದು ದ್ವೀಪದಲ್ಲಿದೆ, ಹೆಸರನ್ನು ಹಳೆಯ ಭೂಪಟದಿಂದ ಎತ್ತಿದ್ದು ಎಂಬಂಥವು. ಅಪ್ಪ ಉತ್ತರ ಬರೆದು ಫೋನಿನಲ್ಲಿ ಓದತೊಡಗಿದರು, ಅವಳು ಫೋನ್ ಇಟ್ಟಳು. ಅಲ್ಲಿಗೆ ಮಾತು ನಿಂತಿತ್ತು. ಆ ವರ್ಷ ನವೆಂಬರಿನ ಥ್ಯಾಂಕ್ಸ್‌ಗಿವಿಂಗ್ ಹಬ್ಬದ ದಿನ ನಾಲ್ಕು ಗಂಟೆಯವರೆಗೆ ಇದ್ದು ಹೋಗುತ್ತೇನೆ ಎಂದು ಒಪ್ಪಿದ್ದಳು. ನಿನ್ನ ಉತ್ತರವನ್ನು ಒಂದೇ ಸಲ ತೋರಿಸು, ಆಮೇಲೆ ಈ ಮಾತು ಬೇಡ ಎಂಬುದು ಅವಳ ಷರತ್ತು.

"ಇದು ಸರಿಯಾಗಿ ಕಂಡರೆ ಅವಳು ಮನೆಗೆ ಬಂದುಹೋಗಿ ಮಾಡ್ತಾಳೆ, ಮ್ಯಾಮ್. ವಿಮಾನಕ್ಕೆ ನಾನು ಸಹಿ ಹಾಕಿದರೆ ಜನ ಹತ್ತುತ್ತಿದ್ದರು," ಅಂದರು.

ಹೆಸರುಗಳಿಂದ ಮಗಳು ಹೋದಳು, ಹೆಸರುಗಳಿಂದಲೇ ಬರುತ್ತಾಳೆ ಎಂದು ಲೆಕ್ಕ ಹಾಕಿದ್ದ ಮನುಷ್ಯನಿಗೆ ನಾನು ಬುದ್ಧಿ ಹೇಳಲಿಲ್ಲ. ಬೆಳಿಗ್ಗೆ ಹತ್ತರಿಂದ ಹನ್ನೆರಡೂಕಾಲರವರೆಗೆ ಬಂದು ಜೋಡಿಸಿಕೊಡುತ್ತೇನೆ ಅಂದೆ. ಅವರು ಗ್ಯಾರೇಜಿನಲ್ಲಿ ಮರದ ಡ್ರಾಯರ್ ಮಾಡಿದರು, ಸರಳಿನ ಸಮೇತ. ನಮ್ಮ ಕಾಲೇಜಿನದಕ್ಕಿಂತ ಚೆನ್ನಾಗಿತ್ತು. ಅವರ ಕಾರ್ಡುಗಳು ಬಿಳಿ. ಒಂದು ಹೆಸರು, ಹೀಬ್ರೂ ಮೂಲ, ಆಧಾರ. ಅವರ ತುರುಪಿನ ಕಾರ್ಡು ಒಂದಿತ್ತು. ಗ್ರಂಥದ ಒಬ್ಬ ಗಂಡಸಿನ ಹೆಸರು ಹೆಂಗಸಿನ ಹೆಸರಿನಂತಿದೆ ಎಂದು ವಿರೋಧಿಗಳು ಬಹಳ ಕಾಲ ನಕ್ಕಿದ್ದರಂತೆ. ಆಮೇಲೆ ಅದೇ ಹೆಸರಿನ ಗಂಡಸು ಹಳೆಯ ಹೀಬ್ರೂ ಬರಹವೊಂದರಲ್ಲಿ ಸಿಕ್ಕನಂತೆ. ಆ ಕಾರ್ಡನ್ನು ಅವರು ದಿನಕ್ಕೆ ಒಂದು ಸಲವಾದರೂ ಎತ್ತಿ ನೋಡುತ್ತಿದ್ದರು. ಮಗಳ ಕಾಗದದ ಬಿಡಿ ಹಾಳೆಗಳು ಮೇಜಿನ ಮೇಲೆ ಹಾರುತ್ತಿದ್ದವು. ಬಿಡಿ ಹಾಳೆ ನನ್ನ ಕಣ್ಣಿಗೆ ಆಗದು. ಅವಳ ವಾದಗಳನ್ನೂ ಗುಲಾಬಿ ಕಾರ್ಡಿನ ಮೇಲೆ ಇಳಿಸಿ, ಆಯಾ ಹೆಸರಿನ ಬಿಳಿ ಕಾರ್ಡಿನ ಹಿಂದೆ ನಿಲ್ಲಿಸಿದೆ. ಅವರು ಹುಬ್ಬು ಗಂಟಿಕ್ಕಿದರು. "ಒಂದು ಹೆಸರು, ಒಂದು ಜಾಗ," ಅಂದೆ. ಅದು ಅವರಿಗೆ ಅರ್ಥವಾಗುವ ಭಾಷೆ.

ಒಂದು ದಿನ ಹನ್ನೆರಡೂವರೆ ಆದರೂ ನಾನು ಮನೆಗೆ ಹೋಗಲಿಲ್ಲ. ಯಜಮಾನರು ಹುಡುಕಿಕೊಂಡು ಬಂದರು. ನಿಂತಲ್ಲೇ ಒಂದು ಕಾರ್ಡು ಓದಿದರು. ಇನ್ನೊಂದು ಓದಿದರು. ಅವರ ಮುಖ ನೋಡಿ ನನಗೆ ಭಯವಾಯಿತು.

"ಸರ್," ಅಂದರು ಪಕ್ಕದ ಮನೆಯವರಿಗೆ, "ಇದು ಹೀಬ್ರೂ ಅಲ್ಲ. ಶುದ್ಧ ಸಂಸ್ಕೃತ."

ಆ ಹಿರಿಯರು ಬೇಜಾರು ಮಾಡಿಕೊಳ್ಳಲಿಲ್ಲ, ಖುಷಿಪಟ್ಟರು. ಇನ್ನೊಂದು ಪುರಾತನ ಭಾಷೆ ತಮ್ಮ ಪಕ್ಷಕ್ಕೆ ಸಾಕ್ಷಿ ಹೇಳಲು ಬಂತು ಎಂದುಕೊಂಡರು. "ಗೊತ್ತಿದ್ದಷ್ಟು ಬರೆದುಕೊಡಿ," ಅಂದರು. ಬರೆದವರ ಹೆಸರು ಕಾರ್ಡಿನಲ್ಲಿ ಹಾಕಬೇಕಲ್ಲ, ಇವರ ಹೆಸರೇನು ಎಂದು ನನ್ನನ್ನು ಕೇಳಿದರು. ನಾನು ಚೀಟಿಯ ಮೇಲೆ ಬರೆದುಕೊಟ್ಟೆ. ಗಂಡನ ಹೆಸರನ್ನು ಬಾಯಲ್ಲಿ ಹೇಳುವ ಅಭ್ಯಾಸ ನನಗಿಲ್ಲ. ಇಷ್ಟೊಂದು ಹೆಸರುಗಳ ಮೂಲ ಹುಡುಕಿದ ಮನುಷ್ಯ ಅದನ್ನು ಕೇಳಿ ಚೀಟಿಯನ್ನು ಇನ್ನೊಮ್ಮೆ ಓದಿಕೊಂಡರು.

ಯಜಮಾನರು ಮೂರು ದಿನ ನಮ್ಮ ಮನೆಯ ಊಟದ ಮೇಜು ಬಿಟ್ಟು ಏಳಲಿಲ್ಲ. ಹ್ಯೂಸ್ಟನ್ ಡಾಕ್ಟರು ಸ್ಪೀಕರ್ ಫೋನಿನಲ್ಲಿ ಜೊತೆಗಿದ್ದರು. ಬರೆದದ್ದು ಹಸಿರು ಮಸಿಯಲ್ಲಿ. ಹಸಿರು ಮಸಿ ಗೆಜೆಟೆಡ್ ಅಧಿಕಾರಿಗಳದ್ದು. ಸೇವೆಯಲ್ಲಿದ್ದಷ್ಟು ದಿನ ಇವರಿಗೆ ಆ ದರ್ಜೆ ಸಿಗಲಿಲ್ಲ. ಕಾಪೆಲ್‌ನ ಸ್ಟೇಷನರಿ ಅಂಗಡಿಯಲ್ಲಿ ಯಾರೂ ದರ್ಜೆ ಕೇಳುವುದಿಲ್ಲ.

"ತಾತಾ, ದಿಸ್ ಈಸ್ ಸೋ ಎಂಬರಾಸಿಂಗ್," ಅಂದಳು ಮೊಮ್ಮಗಳು.

"ನೀನು ಹೋಮ್‌ವರ್ಕ್ ಮಾಡ್ಕೋ ಪುಟ್ಟಿ. ಇದು ರಿಸರ್ಚು."

ಇನ್ನೂರು ಹಸಿರು ಕಾರ್ಡುಗಳಾದವು. ನಾನು ಅವನ್ನೂ ಆಯಾ ಜಾಗಕ್ಕೆ ಸೇರಿಸಿದೆ. ಈಗ ಪ್ರತಿ ಹೆಸರಿನ ಕೆಳಗೆ ಮೂರು ಕಾರ್ಡು. ಅಪ್ಪನದು ಬಿಳಿ, ಮಗಳದು ಗುಲಾಬಿ, ನಮ್ಮವರದು ಹಸಿರು.

ಹಬ್ಬದ ಹಿಂದಿನ ದಿನ ಪಕ್ಕದ ಮನೆಯವರು ಡ್ರಾಯರನ್ನು ಮೊದಲಿನಿಂದ ಕೊನೆಯವರೆಗೆ ಓದಿದರು. ನಾನು ಎದುರಿಗಿದ್ದೆ. ಅರ್ಧಕ್ಕೆ ಬರುವಾಗ ಮಜ್ಜಿಗೆ ಕುಡಿಯುವುದನ್ನು ಬಿಟ್ಟಿದ್ದರು.

"ನಿಮ್ಮ ಯಜಮಾನರು ತಮಾಷೆ ಮಾಡ್ತಿಲ್ಲ ತಾನೆ?"

"ಅವರಿಗೆ ತಮಾಷೆ ಬರೋದಿಲ್ಲ ಸರ್."

"ಇದರಲ್ಲಿ ಒಂದಕ್ಕೂ ಅರ್ಥವಿಲ್ಲ. ಆದರೆ ನೋಡೋದಕ್ಕೆ ನನ್ನವುಗಳಷ್ಟೇ ಚೆನ್ನಾಗಿವೆ." ಡ್ರಾಯರನ್ನು ನನ್ನ ಕಡೆ ತಳ್ಳಿ, "ಹಸಿರು ಕಾರ್ಡು ತೆಗೆದುಬಿಡಿ, ಮ್ಯಾಮ್. ನಾಳೆ ಅವಳು ಬರ್ತಾಳೆ," ಅಂದರು.

ತೆಗೆಯಬಹುದಿತ್ತು. ನನ್ನ ಗಂಡನ ಕಾರ್ಡು, ನನ್ನ ಕೈ. ಆದರೆ ಮೂವತ್ತೊಂದು ವರ್ಷದ ಅಭ್ಯಾಸ ಹಾಗೆ ಬಿಡುವುದಿಲ್ಲ. "ಕಾರಣ ಬರೆದು ಸಹಿ ಹಾಕಿ ಸರ್, ತೆಗೀತೀನಿ," ಎಂದು ಚೀಟಿ ಮುಂದಿಟ್ಟೆ.

ಅವರಿಗೆ ಅದು ವಿಚಿತ್ರವೆನಿಸಲಿಲ್ಲ. ಅವರ ಕೆಲಸದಲ್ಲೂ ಕಾರಣ ಬರೆಯದೆ ಒಂದು ಬೋಲ್ಟು ಬಿಚ್ಚುವಂತಿರಲಿಲ್ಲವಂತೆ. ಪೆನ್ನು ತೆಗೆದು, 'ಶಬ್ದ ಹೋಲುತ್ತದೆ, ಅಷ್ಟೇ' ಎಂದು ಬರೆದರು. ಬಿಳಿ ಕಾರ್ಡುಗಳ ಕಡೆ ನೋಡಿ, ಅದೇ ಮಾತು ಅವಕ್ಕೂ ತಗಲುತ್ತದೆಂದು ಚೀಟಿಯನ್ನು ಹರಿದುಹಾಕಿದರು. 'ಆ ಜನ ಈ ಭಾಷೆ ಆಡುತ್ತಿದ್ದರೆಂದು ತೋರಿಸಿಲ್ಲ' ಎಂದು ಬರೆದರು. ಅದನ್ನೂ ಹರಿದರು. ಮೂರನೆಯದನ್ನು ನಾನು ಓದುವ ಮೊದಲೇ ಮಡಚಿ ಜೇಬಿಗೆ ಹಾಕಿಕೊಂಡರು.

"ಇರಲಿ ಬಿಡಿ," ಅಂದರು.

ಮಾರನೆಯ ದಿನ ಹನ್ನೆರಡಕ್ಕೆ ಅವರ ಮಗಳು ಬಂದಳು. ಮೂವತ್ತರ ಸುಮಾರಿನ ಹೆಣ್ಣು, ಅಪ್ಪನದೇ ದವಡೆ. ಷೂ ಬಿಚ್ಚಲಿಲ್ಲ, ಕಾರಿನ ಬೀಗದಕೈ ಕೈಯಲ್ಲೇ ಇತ್ತು. ನಮ್ಮನ್ನೂ ಕರೆದಿದ್ದರು. ನಾನು ಚಿತ್ರಾನ್ನ, ಶ್ಯಾವಿಗೆ ಪಾಯಸ ಒಯ್ದಿದ್ದೆ. ಟರ್ಕಿ ಕೋಳಿಯಿಂದ ದೂರದ ಕುರ್ಚಿಯಲ್ಲಿ ಯಜಮಾನರು ಕೂತಿದ್ದರು, ಕೋಟು ಹಾಕಿಕೊಂಡು.

ಊಟವಾದ ಮೇಲೆ ಅಪ್ಪ ಡ್ರಾಯರ್ ತಂದು ಮುಂದಿಟ್ಟರು. ವಿವರಣೆ ಕೊಡಲಿಲ್ಲ. ಅವಳು ಒಂದು ಬಿಳಿ ಕಾರ್ಡು ಓದಿದಳು, ಮುಖ ಗಂಟು ಹಾಕಿದಳು. ಅದರ ಹಿಂದಿನ ಗುಲಾಬಿಯಲ್ಲಿ ತನ್ನದೇ ಮಾತು ಇರುವುದನ್ನು ನೋಡಿ ಅಪ್ಪನ ಕಡೆ ಒಮ್ಮೆ ನೋಡಿದಳು. ಅದರ ಹಿಂದೆ ಹಸಿರು. ಓದಿದಳು. ಮುಂದಿನ ಹಸಿರು ಓದಿದಳು. ಆಮೇಲೆ ನಗತೊಡಗಿದಳು. ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು.

"ಇದು ಯಾರದ್ದು?"

"ನನ್ನದಮ್ಮಾ," ಅಂದರು ಯಜಮಾನರು ಎದೆಯುಬ್ಬಿಸಿ. "ಅನುಮಾನವಿದ್ದರೆ ಕೇಳು."

ಅವಳು ಕೇಳಿದಳು. ಇವರು ಉತ್ತರ ಕೊಟ್ಟರು. ಅವಳು ಇನ್ನೊಂದು ಕೇಳಿದಳು. ಇವರು ಋಷಿಗಳು ಹಡಗಿನಲ್ಲಿ ಬಂದರು ಅಂದರು. ಅಪ್ಪ ಬಾಯಿ ಹಾಕಿದರು.

"ಸರ್, ಹಡಗು ಎಲ್ಲಿದೆ? ಒಂದು ಮೊಳೆಯಾದರೂ ಸಿಕ್ಕಿದೆಯೇ?"

ಮಗಳು ನಗುವುದನ್ನು ನಿಲ್ಲಿಸಿ, "ಡ್ಯಾಡ್," ಅಂದಳು, ಬಹಳ ಮೆಲ್ಲಗೆ.

ಅವರು ಕೆಂಪಗಾದರು. ತಾವು ಹೇಳಿದ್ದು ತಮಗೇ ಕೇಳಿಸಿತ್ತು. ಅವಳು ಅದನ್ನು ಎತ್ತಿ ಆಡಲಿಲ್ಲ. ಎರಡು ವರ್ಷ ಕಾದ ಅವಕಾಶ ಕೈಗೆ ಬಂದಿತ್ತು, ಬಿಟ್ಟುಕೊಟ್ಟಳು. ಬೀಗದಕೈಯನ್ನು ಮೇಜಿನ ಮೇಲಿಟ್ಟು ನಮ್ಮವರ ಕಡೆ ತಿರುಗಿ, "ಹೇಳಿ ಅಂಕಲ್, ಹಡಗು ಎಲ್ಲಿದೆ?" ಅಂದಳು.

ಅಲ್ಲಿಂದ ಅಪ್ಪ ಮಗಳು ಒಂದೇ ಪಕ್ಷ. ಇಬ್ಬರೂ ಸೇರಿ ನಮ್ಮವರನ್ನು ಒಂದೊಂದೇ ಕಾರ್ಡಿನಲ್ಲಿ ಕೆಡವಲು ನೋಡಿದರು. ನಮ್ಮವರು ಬೀಳಲಿಲ್ಲ. ಸಂಸ್ಕೃತ ಗೊತ್ತಿಲ್ಲದವರ ಜೊತೆ ವಾದದಲ್ಲಿ ಸೋಲುವುದು ಸಾಧ್ಯವೇ ಇಲ್ಲ ಎಂಬುದು ಅವರ ಅಭಿಪ್ರಾಯ. ನಾನು ಗಡಿಯಾರ ನೋಡಿದೆ. ನಾಲ್ಕೂ ಇಪ್ಪತ್ತು. ಅವಳ ಷೂಗಳು ಮೇಜಿನ ಕೆಳಗಿದ್ದವು, ಕಾಲಲ್ಲಿರಲಿಲ್ಲ.

ಅವಳು ಧರ್ಮಕ್ಕೆ ವಾಪಸು ಹೋಗಲಿಲ್ಲ, ಅಪ್ಪ ಧರ್ಮ ಬಿಡಲಿಲ್ಲ. ಭಾನುವಾರ ಅವರು ಟೈ ಕಟ್ಟಿಕೊಂಡು ಚರ್ಚಿಗೆ ಹೋಗುವುದು ನಿಲ್ಲಲಿಲ್ಲ. ಆದರೆ ತಿಂಗಳಿಗೊಮ್ಮೆ ಆಸ್ಟಿನ್ ಕಾರು ಆ ಮನೆಯ ಮುಂದೆ ನಿಲ್ಲತೊಡಗಿತು. ಡಿಸೆಂಬರಿನಲ್ಲಿ ಒಂದು ಬೆಳಿಗ್ಗೆ ಪಕ್ಕದ ಮನೆಯವರು ಅಂದು ಮಡಚಿಟ್ಟಿದ್ದ ಚೀಟಿಯನ್ನು ಜೇಬಿನಿಂದ ತೆಗೆದುಕೊಟ್ಟರು. ಅದು ಅವರದೇ ಒಂದು ಬಿಳಿ ಕಾರ್ಡನ್ನು ತೆಗೆಯುವುದಕ್ಕೆ. ಕಾರಣ, 'ಶಬ್ದ ಹೋಲುತ್ತದೆ, ಅಷ್ಟೇ.' ಸಹಿ ಇತ್ತು. ಒಂದೇ ಒಂದು ಕಾರ್ಡು. ತುರುಪಿನದನ್ನು ಮುಟ್ಟಿರಲಿಲ್ಲ. ಮುಂದಿನ ಸಲ ಬಂದಾಗ ಮಗಳು ತನ್ನದೊಂದು ಗುಲಾಬಿ ತೆಗೆಸಿದಳು. ದ್ವೀಪದ ಆ ಊರಿರುವ ಭೂಪಟವನ್ನು ಹಳ್ಳಿಯ ಯುವಕ ನೋಡಿದ್ದನೆಂಬುದಕ್ಕೆ ಆಧಾರವಿಲ್ಲವಂತೆ. ಹೀಗೆ ಅಪ್ಪನದೊಂದು, ಮಗಳದೊಂದು, ಅಳೆದು ಸುರಿದು ಹೊರಗೆ ಬರುತ್ತಿದ್ದವು. ಚೀಟಿಗಳನ್ನೆಲ್ಲ ನಾನು ತಾರೀಖಿನ ಪ್ರಕಾರ ಬೇರೆ ಡಬ್ಬದಲ್ಲಿಟ್ಟೆ.

ಖಾಲಿ ಚೀಟಿಗಳ ಕಟ್ಟನ್ನು ನಮ್ಮ ಯಜಮಾನರ ಮುಂದೆಯೂ ಇಟ್ಟೆ.

"ನೀವೂ ಒಂದು ತೆಗೀರಿ," ಅಂದೆ.

"ಯಾವುದನ್ನು?"

"ಯಾವುದಾದ್ರೂ."

ಅವರು ಡ್ರಾಯರನ್ನು ಎಳೆದು, ಇನ್ನೂರನ್ನೂ ಕನ್ನಡಕ ಹಾಕಿಕೊಂಡು ಪರಿಶೀಲಿಸಿದರು. ಒಂದು ಗಂಟೆ ಹಿಡಿಯಿತು.

"ಎಲ್ಲಾ ಸರಿಯಾಗಿದೆ ಕಣೇ. ಹ್ಯೂಸ್ಟನ್‌ಗೆ ಒಂದು ಫೋನ್ ಹಾಕು. ಇನ್ನೂ ಐವತ್ತು ಖಾಲಿ ಕಾರ್ಡು ಬೇಕು," ಅಂದರು.