ಒಂದು ಮೊಳ ದೂರ

ಮೊನ್ನೆ ಬಚ್ಚಲದಾಗ ಕುಂತಾಗ ನನ್ನ ಶಿವದಾರ ಹರೀತು. ಬೆಳ್ಳಿ ಕರಡಿಗಿ ಎದಿ ಮ್ಯಾಲಿಂದ ಜಾರಿ ಕಲ್ಲಿನ ಮ್ಯಾಲೆ ಬಿತ್ತು. ಠಣ್ ಅಂತು. ಬಾಯಿ ತೆರಕೊಂಡು, ಒಳಗಿನ ಲಿಂಗ ಉರುಳಿ ಹೋಗಿ, ನೀರು ಹರದು ಹೋಗೋ ತೂತಿನ ಬಾಜೂಕ ನಿಂತಿತು. ಒಂದು ಮೊಳ ದೂರ, ಹೆಚ್ಚಂದ್ರ ಒಂದೂವರಿ. ಆಮ್ಯಾಲೆ ಏನಾತು ಅನ್ನೋದನ್ನ ಕಡೀಕ ಹೇಳ್ತೇನಿ. ಮೊದಲ ಆ ಸಪ್ಪಳದ ಮಾತು ಮುಗಸೂಣು.

ಆ ಸಪ್ಪಳಕ್ಕ ನನಗ ನಮ್ಮ ಮನಿಯವರು ನೆನಪಾದ್ರು. ಅವರು ಹೋಗಿ ಭಾಳ ವರ್ಷ ಆತು. ದಿನಾ ನೆನಸ್ಕೊಂಡು ಅಳೂ ಹೆಂಗಸು ನಾ ಅಲ್ಲ. ಇದ್ದಾಗೂ ಅಷ್ಟು ನೆನಸ್ತಿರಲಿಲ್ಲ, ಕೆಲಸ ಇರ್ತಿತ್ತು. ಅವರ ಹೆಸರೇನು ಅಂತ ಕೇಳಬ್ಯಾಡ್ರಿ. ಮದುವ್ಯಾಗ ಒಮ್ಮೆ ಒಡಪು ಕಟ್ಟಿ ಹೇಳೀನಿ, ಜಲ್ಮಕ್ಕ ಅಷ್ಟ ಸಾಕು. ಹುಕ್ಕೇರಿ ಕಡೆ ನನ್ನ ತವರಮನಿ. ಮೂರನೇ ಇಯತ್ತೆ ತನಕ ಸಾಲಿ ಕಲತೀನಿ. ಬರದಿದ್ದು ತಪ್ಪಿದ್ರ ನೀವ ತಿದ್ದಿಕೊಂಡು ಓದ್ರಿ.

ನಮ್ಮ ಮನಿಯವರು ಲಡಾಯಿಗೆ ಹೋಗಿದ್ರು, ಬರ್ಮಾಕ್ಕ. ಯಾಕ ಹೋದ್ರು ಅಂದ್ರ ಎತ್ತಿನ ಲಾಳದ ಸಲುವಾಗಿ. ನಗಬ್ಯಾಡ್ರಿ. ಅವರೂರು ಕುಲಗೋಡದಿಂದ ಅಪ್ಪ ಮಗ ಬೆಲ್ಲದ ಗಾಡಿ ಹೂಡಿಕೊಂಡು ಗೋಕಾಕ ಸಂತಿಗೆ ಹೋಗ್ಯಾರ. ಹಾದ್ಯಾಗ ಒಂದು ಎತ್ತಿನ ಲಾಳ ಕಳಚೇತಿ. "ಲಾಳ ಹೊಡಸಾಕ ಬರದಾಂವಗ ಮೀಸಿ ಯಾಕ ಬೇಕೋ?" ಅಂತ ಮಾವನವರು ಸಂತ್ಯಾಗ ನಾಕ ಮಂದಿ ಮುಂದ ಬೈದ್ರಂತ. ಅಲ್ಲೇ ಹತ್ತಿರ ಒಬ್ಬ ಸಾಹೇಬ ಮೇಜು ಹಾಕ್ಕೊಂಡು ಪಲ್ಟನಿಗೆ ಮಂದೀನ ಆರಸಾಕತ್ತಿದ್ದ. ಇವರು ಗಾಡಿ ಬಿಟ್ಟು ನೆಟ್ಟಗ ಹೋಗಿ ಆ ಸಾಲಿನ್ಯಾಗ ನಿಂತ್ರು. ವಯಸ್ಸು ಹತ್ತೊಂಬತ್ತು. ಜಪಾನದವರು ಇವರಿಗೆ ಏನು ಮಾಡಿದ್ರು? ಏನೂ ಇಲ್ಲ. ಸಿಟ್ಟು ಅಪ್ಪನ ಮ್ಯಾಲೆ, ಬಂದೂಕು ಜಪಾನದವರ ಮ್ಯಾಲೆ.

ಹೋಗೋ ಮುಂದ ನಮ್ಮತ್ತಿ ಅವರ ಕೊರಳಾಗಿನ ಬೆಳ್ಳಿ ಕರಡಿಗಿ ಬಿಚ್ಚಿ ಇಟಗೊಂಡ್ರು. "ಅಲ್ಲಿ ಬೆಳ್ಳಿ ನೋಡಿ ಕುತ್ತಿಗಿ ಕೊಯ್ದಾರು" ಅಂದು, ಲಿಂಗಾನ ಬಿಳಿ ವಸ್ತ್ರದಾಗ ಸುತ್ತಿ ಕಟ್ಟಿ ಕಳಿಸಿದ್ರು. ಆಗ ನಮ್ಮ ಮದುವಿ ಆಗಿತ್ತು, ಆದ್ರ ನಾ ಇನ್ನೂ ತವರಮನ್ಯಾಗ ಇದ್ದೆ. ಗಂಡ ಲಡಾಯಿಗೆ ಹೋಗ್ಯಾನ ಅಂತ ಮಂದಿ ಹೇಳಿದ್ರು. ನಾ ಕುಂಟಾಬಿಲ್ಲಿ ಆಡಾಕತ್ತಿದ್ದೆ, ಹೂಂ ಅಂದು ಆಟ ಮುಂದುವರಿಸಿದೆ.

ಮೂರು ವರ್ಷದ ಮ್ಯಾಲೆ ಅವರು ತಿರಿಗಿ ಬಂದ್ರು. ಅದ ವರ್ಷ ನಾನೂ ಕುಲಗೋಡದ ಮನಿ ತುಂಬಿದೆ. ಚಳಿಜ್ವರದಿಂದ ಅವರ ಮಾರಿ ಅರಿಷಿಣ ಹಚ್ಚಿದಂಗ ಆಗಿತ್ತು. ಊರ ಮಂದಿ ವಿಮಾನ ಹೆಂಗಿರ್ತಾವು, ಬಿಳಿ ಹೆಂಗಸರು ಹೆಂಗಿರ್ತಾರ ಅಂತ ಕೇಳ್ತಿದ್ರು. ನಮ್ಮತ್ತಿದು ಒಂದ ಮಾತು.

"ತಮ್ಮಾ, ಖರೆ ಹೇಳು. ಅಲ್ಲಿ ಮಾಂಸ ತಿಂದೇನು?"

"ಇಲ್ಲಬೇ."

"ದೇವರಾಣಿ?"

"ದೇವರಾಣಿ. ಬ್ಯಾಳಿ, ಬಿಸ್ಕೀಟು. ಅದೂ ಇಲ್ಲದಿದ್ರ ಹಸದ ಮಕ್ಕೊಂಡೀನಿ."

ಅತ್ತಿ ಓಣಿ ತುಂಬ ಹೇಳಿಕೊಂಡು ಬಂದ್ರು: ನನ್ನ ಮಗ ಲಿಂಗವಂತನಾಗಿ ಹೋದ, ಲಿಂಗವಂತನಾಗೇ ಬಂದ. ಅದ ದಿನ ಬೆಳ್ಳಿ ಕರಡಿಗಿ ಹೊರಗ ತಗದು, ಹುಣಸಿಹಣ್ಣು ಹಚ್ಚಿ ತಿಕ್ಕಿ, ಮಗನ ಕೈಯಾಗ ಕೊಟ್ರು. "ಒಳಗ ಹಾಕಿ ಕಟಗೋ" ಅಂದ್ರು. ಇವರು ಕೋಣಿ ಒಳಗ ಹೋಗಿ ಬಾಗಿಲಾ ಮುಂದ ಮಾಡಿ ಕಟಗೊಂಡು ಬಂದ್ರು. ಮುಂದಿನ ಬಾಗಿಲಿಗೆ ಕೀಲಿ ಜಡದು, ಹಿತ್ತಲದಾಗ ಬೆಕ್ಕು ಹಾಲು ಕುಡಿದಂಗ ಆತು ನಮ್ಮತ್ತಿ ಕಾವಲು.

ದಿನಾ ಮುಂಜಾನೆ ಪೂಜಾ ಮಾಡುವಾಗ ಅವರು ಗ್ವಾಡಿ ಕಡೆ ಮಾರಿ ಮಾಡಿ ಕೂಡ್ತಿದ್ರು. ಎಡಗೈ ಎದಿಗೆ ಹತ್ತಿ ಇರ್ತಿತ್ತು. ಲಡಾಯಿ ನೋಡಿ ಬಂದವರಿಗೆ ಭಕ್ತಿ ಹೆಚ್ಚಾಗಿರಬೇಕು ಅಂತ ನಾ ತಿಳಕೊಂಡೆ. ಹದಿನಾರು ವರ್ಷದ ಹುಡಿಗಿ ತಿಳವಳಿಕಿ ಅಷ್ಟ.

ಆ ಶ್ರಾವಣದಾಗ ಒಂದು ದಿನ ನಾವಿಬ್ರೂ ಕಬ್ಬಿನ ಹೊಲದಾಗ ರವದಿ ಸುಲಿಯಾಕತ್ತಿದ್ವಿ. ರವದಿ ಅಂದ್ರ ಕಬ್ಬಿನ ಒಣಗಿದ ಗರಿ, ಕೈಯೆಲ್ಲಾ ಕೊಯ್ತೈತಿ. ಅವರು ಬಗ್ಗಿದಾಗೊಮ್ಮೆ ಎದಿ ಮ್ಯಾಲಿನ ಕರಡಿಗಿ ಕಟ ಕಟ ಅನ್ನಾಕತ್ತಿತು. ವಸ್ತ್ರದಾಗ ಸುತ್ತಿ ಇಟ್ಟ ಲಿಂಗ ಸಪ್ಪಳ ಮಾಡೂದಿಲ್ಲ. ನಾ ಹುಟ್ಟಿದಾಗಿಂದ ಕೊರಳಾಗ ಕಟಗೊಂಡಾಕಿ, ನನಗ ಗೊತ್ತಿಲ್ಲೇನು?

"ಏನ್ರಿ ಅದು ಕಟ ಕಟ ಅನ್ನೂದು?" ಅಂದೆ.

"ಏನಿಲ್ಲ ಬಿಡು."

"ನಾಳೆ ಮಠದ ಅಯ್ಯಾರು ಪಾದಪೂಜಾಕ್ಕ ಬರ್ತಾರ. ಎಲ್ಲಾರೂ ಸಾಲಿಗೆ ಕುಂತು ಅಂಗೈ ಮ್ಯಾಲೆ ಲಿಂಗ ಇಟಗೋಬೇಕು. ಅಲ್ಲಿ ಗ್ವಾಡಿ ಕಡೆ ತಿರಗಾಕ ಬರೂದಿಲ್ರಿ."

ಅವರು ಕುಡಗೋಲು ಕೆಳಗಿಟ್ರು. ಕರಡಿಗಿ ತಗದು ನನ್ನ ಮುಂದ ತೆರದ್ರು. ಒಳಗ ಒಂದು ಹಿತ್ತಾಳಿ ಗುಂಡಿ ಇತ್ತು, ಪಲ್ಟನ್ ಅಂಗಿದು.

ನಮ್ಮಲ್ಲಿ ಲಿಂಗ ಕಳಕೊಂಡವರು ಬಾಯಾಗ ನೀರು ಸೈತ ಹಾಕಬಾರದು. ಹಿಂದಿನವರು ಅಂಥಾಂವ ಜೀವಾ ಇಟಗೋಬಾರದು ಅಂತಿದ್ರು. ಇವರು ಎರಡು ವರ್ಷದಿಂದ ಉಂಡಾರ, ತಿಂದಾರ, ಊರಿಗೆ ಬಂದ ಮ್ಯಾಲೆ ನಮ್ಮತ್ತಿ ಕೈಯಾಗಿನ ರೊಟ್ಟಿ ಮುರದಾರ. ಅತ್ತಿಗೆ ಗೊತ್ತಾತಂದ್ರ ಮಗನ್ನ ಪಂಕ್ತಿಯಿಂದ ಎಬ್ಬಸ್ತಾರ ಅನ್ನೂದರಾಗ ನನಗ ಸಂಶೆ ಇರಲಿಲ್ಲ. ಆವಾಗ ಕಬ್ಬಿನ ಸಾಲಿನ್ಯಾಗ ಕುಂತು ಅವರು ಹೇಳಿದ್ದು ಇಷ್ಟು.

"ಒಂದು ಗುಡ್ಡದ ಮ್ಯಾಲೆ ಕುಣಿ ತೋಡಿಕೊಂಡು ಕುಂತಿದ್ವಿ. ನನ್ನ ಕುಣ್ಯಾಗ ಕೊಲ್ಲಾಪುರ ಕಡೆ ಮರಾಠ್ಯಾ ಒಬ್ಬ, ಗಣಪತ ಅಂತ. ದಿನಾ ನಾ ಬಾಟ್ಲಿ ಮುಚ್ಚಳದಾಗ ಒಂದೀಟು ನೀರು ಹಾಕ್ಕೊಂಡು ಲಿಂಗಕ್ಕ ಎರೀತಿದ್ದೆ. ಕುಡಿಯಾಕ ನೀರಿಲ್ಲದ ಜಾಗಾ ಅದು. 'ನಿನ್ನ ದೇವರಕಿಂತಾ ನನ್ನ ಗಂಟಲಾ ಒಣಗೇತಿ, ಇಲ್ಲೀಟು ಎರೀ' ಅಂತಿದ್ದ ಗಣಪತ. ಮೂರನೇ ದಿನಾ ಮುಂಜಾನೆ ತೋಫು ಹಾರಸಾಕ ಸುರು ಮಾಡಿದ್ರು. ಗುಡುಗು ಅಂದ್ರ ಮ್ಯಾಲೆ ಇರ್ತೈತಿ. ಇದು ನೆಲದೊಳಗಿಂದ ಬರ್ತಿತ್ತು, ಹೊಟ್ಟಿಗೆ ಬಡೀತಿತ್ತು. ಮಾರಿ ಮಣ್ಣಿಗೆ ಒತ್ತಿ ಮಕ್ಕೊಂಡೆ. ಓಂ ನಮಃ ಶಿವಾಯ ಅನಬೇಕು ಅಂತ ಬಾಯಿ ತೆರದ್ರ ನಮ್ಮ ಎತ್ತಿನ ಹೆಸರು ಬರಾಕತ್ತಿದ್ವು. ಬಸ್ಯಾ, ಮಲ್ಯಾ, ಬಸ್ಯಾ, ಮಲ್ಯಾ. ಅದ ನನ್ನ ಮಂತ್ರ ಆತು. ಚಣ್ಣ ಒದ್ದಿ ಆಗಿದ್ದು ಗೊತ್ತಾಗಲಿಲ್ಲ.

"ಕುಣಿ ಅರ್ಧ ಕುಸೀತು. ಮಣ್ಣಿನಾಗಿಂದ ಎದ್ದಾಗ ಬೇರಿಗೆ ಸಿಕ್ಕು ಶಿವದಾರ ಹರದಿತ್ತು. ಅಲ್ಲೇ ಬಯಲಾಗ ವಸ್ತ್ರ ಬಿಚ್ಚಿ ಬಿದ್ದಿತ್ತು, ಲಿಂಗ ಕಾಣತಿತ್ತು. ಎಷ್ಟು ದೂರ ಅಂತಿ? ಒಂದು ಮೊಳ. ಇಲ್ಲಿಂದ ಆ ಕಬ್ಬಿನ ಗಣಿಕಿ ತನಕ. ಕೈ ಚಾಚು ಅಂತ ಕೈಗೆ ಹೇಳಿದೆ. ಕೈ ಬರಲಿಲ್ಲ. ಗಣಪತ 'ನಾ ತರ್ತೇನಿ ತಡಿ' ಅಂತ ಎದ್ದ. ಅವನ ಕಾಲು ಹಿಡದು ಜಗ್ಗಿ, 'ಬ್ಯಾಡೋ, ಬಿಡು' ಅಂದೆ. ನನ್ನ ಬಾಯಿಲೇ ಅಂದೆ. ಆಮ್ಯಾಲೆ ಹಿಂದಕ ಓಡ್ರಿ ಅಂತ ಹುಕುಂ ಬಂತು, ಓಡಿದ್ವಿ. ಆ ಗುಡ್ಡಕ್ಕ ತಿರಿಗಿ ಹೋಗಲಿಲ್ಲ. ಕುತ್ತಿಗಿ ಹಗುರಾಗಿ ನಿದ್ದಿ ಬರವಲ್ದಾಗಿತ್ತು, ಅಂಗಿ ಗುಂಡಿ ಹರದು ಕಟಗೊಂಡೆ."

ಗಣಪತ ಎದ್ದಿದ್ರ ಸಾಯ್ತಿದ್ನೋ, ಬದಕ್ತಿದ್ನೋ, ಯಾರಿಗೆ ಗೊತ್ತು. ಅವರಿಗೂ ಗೊತ್ತಿರಲಿಲ್ಲ.

ಇಷ್ಟು ಕೇಳಿ ಹೆಂಡ್ತಿ ಆದಾಕಿ ಸಮಾಧಾನದ ಮಾತು ಹೇಳಬೇಕು. ನಾ ಏನಂದೆ ಗೊತ್ತೇನು? "ಒಂದ ಮೊಳಾ ಕೈ ಚಾಚಾಕ ಆಗಲಿಲ್ಲೇನ್ರಿ?" ಅಂದೆ. ಅವರು ನನ್ನ ಮಾರಿ ನೋಡಿದ್ರು. ಸಿಟ್ಟಾಗಲಿಲ್ಲ. "ಆಗಲಿಲ್ಲ" ಅಂದು ಕುಡಗೋಲು ತಗೊಂಡ್ರು.

ಅಂದದ್ದು ತಪ್ಪಾತೇನೋ ಅನ್ನಿಸಿ, ಸಂಜಿಗೆ ಮನಿ ಹಾದ್ಯಾಗ ಒಂದು ಯುಕ್ತಿ ಹೇಳಿದೆ. "ನಾಳೆ ನನ್ನ ಲಿಂಗ ನೀವು ಇಟಗೋರಿ. ನಾ ಒಲಿ ಮುಂದ ಹೊಗ್ಯಾಗ ಇರ್ತೇನಿ, ನನ್ನ ಯಾರು ನೋಡ್ತಾರ?"

"ಮನ್ಯಾಗ ಒಬ್ಬಂವ ಹಂಗಿದ್ದದ್ದ ಸಾಕು" ಅಂದ್ರು.

ಮರುದಿನ ಅಯ್ಯಾರು ಬಂದ್ರು. ಎಪ್ಪತ್ತು ದಾಟಿದವರು, ಬಾಯಾಗ ಹಲ್ಲಿರಲಿಲ್ಲ, ಮಾತಿಗೆ ಇತ್ತು. ಕಟ್ಟಿಗಿ ಮಣಿ ಮ್ಯಾಲೆ ಕುಂತ್ರು. ಅತ್ತಿ ಪಾದ ತೊಳದ್ರು. ಮಾವನವರು, ಅತ್ತಿ, ನಮ್ಮ ಮನಿಯವರು ಸಾಲಿಗೆ ಕುಂತು ಎಡಗೈ ಮುಂದ ಚಾಚಿದ್ರು. ನಾ ಅಡಗಿಮನಿ ಬಾಗಿಲಾಗ ನಿಂತಿದ್ದೆ. ಇವರು ಕರಡಿಗಿ ತೆರದು, ಹಿತ್ತಾಳಿ ಗುಂಡಿ ತಗದು, ಅಂಗೈ ಮ್ಯಾಲೆ ಇಟ್ರು. ಎಲ್ಲಾರಿಗೂ ಕಾಣಂಗ.

"ತಮ್ಮಾ, ಏನೋ ಅದು?" ಅಂದ್ರು ಅತ್ತಿ.

ಇವರು ಹೇಳಿದ್ರು. ಹೊಲದಾಗ ನನಗ ಹೇಳಿದ್ದನ್ನ ಅರ್ಧ ಮಾಡಿ, ಆದ್ರ ಚಣ್ಣ ಒದ್ದಿ ಆಗಿದ್ದನ್ನ, ಗ್ವಾಡಿ ಕಡೆ ತಿರಗಿ ಪೂಜಾ ಮಾಡಿದ್ದನ್ನ ಬಿಡಲಿಲ್ಲ. ಮಾವನವರು ತಲಿ ತಗ್ಗಿಸಿ ಕುಂತುಬಿಟ್ರು. ಎತ್ತಿನ ಲಾಳ ನೆನಪಾಗಿರಬೇಕು.

ಅಯ್ಯಾರು ಕೇಳಿದ್ರು, "ಅಂಜಿದ್ಯೋ?"

"ಹೂನ್ರಿ."

"ಈಗ?"

"ಈಗೂ ಅಂಜಿಕಿ ಐತ್ರಿ. ಅವ್ವಂದು."

ಅಯ್ಯಾರು ಬಚ್ಚ ಬಾಯಿ ತೆರದು ನಕ್ಕರು. "ಜಪಾನದವರಿಗಿಂತಾ ಅದ ದೊಡ್ಡ ಅಂಜಿಕಿ. ಅಂಜಿದ ಕೈ ಸುಳ್ಳು ಹೇಳೂದಿಲ್ಲಪಾ, ಗ್ವಾಡಿ ಕಡೆ ತಿರಗಿ ಕುಂತದ್ದು ಸುಳ್ಳು. ಹೊಸಾದು ಮಠದಿಂದ ತರಬೇಕು. ಮೂರು ದಿನಾ ಹಿಡೀತೈತಿ. ಅಲ್ಲೀತನಕ ಏನೂ ತಿನ್ನಬ್ಯಾಡ."

ಅತ್ತಿ ಎದ್ದು ಮಗನ ಮುಂದಿನ ಗಂಗಾಳ ತಗದ್ರು. ಆಮ್ಯಾಲೆ ತಮ್ಮ ಗಂಗಾಳಾನೂ ತಗದು ಮಗಚಿ ಇಟ್ರು. "ಬಂದಾಗಿಂದ ನಾ ಬಡಿಸಿದ್ದನ್ನ ಉಂಡಾನ. ತಪ್ಪಿನ್ಯಾಗ ನಂದೂ ಪಾಲು ಐತಿ. ಮಾಂಸ ಮಾಂಸ ಅಂತ ಬಡಕೊಂಡೆ, ಹೆಂಗ ಇದ್ದ್ಯೋ ಅಂತ ಒಂದು ಸರತೆ ಕೇಳಲಿಲ್ಲ" ಅಂದ್ರು. ಮೂರು ದಿನ ತಾಯಿ ಮಗ ಇಬ್ರೂ ಪಡಸಾಲ್ಯಾಗ ಎದುರಾಬದುರು ಕುಂತ್ರು, ಒಂದು ತುತ್ತು ಮುಟ್ಟಲಿಲ್ಲ. ಅತ್ತಿ ಕೇಳ್ತಿದ್ರು, ಅವರು ಹೇಳ್ತಿದ್ರು. ಗಣಪತನ ಊರು ಯಾವುದು, ಅವನ ತಾಯಿ ಅದಾಳೇನು, ಇವೆಲ್ಲಾ. ನಾ ಉಂಡೆ. ಬಸುರಿ ಇದ್ದೆ.

ನಾಕನೇ ದಿನ ಅಯ್ಯಾರು ಹೊಸಾ ಲಿಂಗ ಕಟ್ಟಿದ್ರು. ಗುಂಡಿ ಹೊಳಿಗೆ ಒಗಿ ಅಂದ್ರು. ಒಳ್ಳೇ ಹಿತ್ತಾಳಿ ಗುಂಡಿ, ಯಾಕ ಒಗೀಬೇಕು? ಅವರ ಅಂಗಿಗೆ ಹಚ್ಚಿದೆ. ಆ ಅಂಗಿ ಹರದ ಮ್ಯಾಲೆ ಮತ್ತೊಂದಕ್ಕ ಹಚ್ಚಿದೆ. ಲಡಾಯಿ ಮಾತು ಅವರು ಮತ್ತ ತಗೀಲಿಲ್ಲ, ನಾನೂ ಕೇಳಲಿಲ್ಲ. ಆದ್ರ ನನ್ನ ಮನಸಿನ್ಯಾಗ ಒಂದು ಮಾತು ಹಂಗ ಕುಂತಿತ್ತು, ಐವತ್ತು ವರ್ಷ ಅವರ ಕೂಡ ಬಾಳೇ ಮಾಡಿದ್ರೂ ಏಳಲಿಲ್ಲ: ನಾ ಆಗಿದ್ರ ಕೈ ಚಾಚ್ತಿದ್ದೆ.

ಈಗ ಬಚ್ಚಲಕ್ಕ ಬರೂಣು.

ಹ್ವಾದ ವರ್ಷ ಅದ ಬಚ್ಚಲದಾಗ ಜಾರಿ ಬಿದ್ದು ಸೊಂಟಾ ಮುರಕೊಂಡು, ಮೂರು ತಿಂಗಳು ಮಂದಿ ಕೈಲೆ ಹೊರಳಿಸಿಕೊಂಡೀನಿ. ಲಿಂಗ ಅಲ್ಲೇ ಇತ್ತು, ಒದ್ದಿ ಕಲ್ಲಿನ ಮ್ಯಾಲೆ, ತೂತಿನ ಬಾಜೂಕ. ಸ್ಟೂಲಿನ ಮ್ಯಾಲಿಂದ ಈಟ ಬಗ್ಗಿದ್ರ ಸಿಗ್ತಿತ್ತು. ತೋಫು ಹಾರತಿರಲಿಲ್ಲ. ಯಾರೂ ನನ್ನ ಹೊಡಿಯಾಕ ನಿಂತಿರಲಿಲ್ಲ. ಬಗ್ಗು ಅಂತ ನನಗ ನಾನ ಹೇಳಿದೆ. ಎರಡು ಕೈಲೆ ಸ್ಟೂಲು ಗಟ್ಟಿ ಹಿಡಕೊಂಡು ಕುಂತಿದ್ದೆ, ಆ ಕೈ ಬಿಡಲಿಲ್ಲ.

"ಅಜ್ಜೀ, ಎಷ್ಟೊತ್ತ್ರಿ? ನೀರು ಆರತಾವು" ಅಂತ ಮೊಮ್ಮಗನ ಹೆಂಡ್ತಿ ಹೊರಗಿಂದ ಒದರಿದ್ಲು.

"ಒಳಗ ಬಾ. ಲಿಂಗ ಬಿದ್ದೈತಿ, ಎತ್ತಿ ಕೊಡು" ಅಂದೆ.

ಬಂದು ನೋಡಿದ್ಲು. "ಇಲ್ಲೇ ಐತೆಲ್ರೀ ಅಜ್ಜಿ, ಕೈ ಚಾಚಿದ್ರ ಸಿಗ್ತಿತ್ತಲ್ಲ!" ಅಂದ್ಲು.

ಅಕಿ ಮಾರಿ ನೋಡಿದೆ. ಸಿಟ್ಟು ಬರಲಿಲ್ಲ.

"ಆಗಲಿಲ್ಲ" ಅಂದೆ.