ಕೆಂಪು ಕೊಡೆಯ ಹುಡುಗಿ ಪೀಣ್ಯದಲ್ಲಿ ಸಿಕ್ಕಿದ್ದು

ಪೀಣ್ಯದ ಒಂದು ಆಫ್‌ಸೆಟ್ ಪ್ರೆಸ್ಸಿನಲ್ಲಿ ಬಣ್ಣ ನೋಡುವುದು ನನ್ನ ಕೆಲಸ. ಸೇರಿ ಇಪ್ಪತ್ತೆಂಟು ವರ್ಷವಾಯಿತು. ಮಷೀನಿನಿಂದ ಬಂದ ಹಾಳೆಯನ್ನು ದೀಪದ ಕೆಳಗೆ ಹರಡಿ, ಕೆಂಪು ಹೆಚ್ಚಾಯಿತೋ ಹಳದಿ ಕಡಿಮೆಯಾಯಿತೋ ಎಂದು ಹೇಳಬೇಕು. ಬಿಸ್ಕತ್ತಿನ ಪೊಟ್ಟಣ, ಅಗರಬತ್ತಿಯ ಡಬ್ಬಿ, ಮಾತ್ರೆಯ ರಟ್ಟು, ವರ್ಷದ ಕೊನೆಗೆ ಕ್ಯಾಲೆಂಡರು. ಅಚ್ಚಿನ ಬಣ್ಣವೆಂದರೆ ನಾಲ್ಕು ಬಣ್ಣದ ಚುಕ್ಕಿಗಳು, ಅಷ್ಟೇ. ಭೂತಗನ್ನಡಿ ಇಟ್ಟು ನೋಡಿದರೆ ಲಕ್ಷ್ಮಿಯ ಕೆನ್ನೆಯೂ ಚುಕ್ಕಿ, ಬಿಸ್ಕತ್ತೂ ಚುಕ್ಕಿ.

ನಾನು ಅಮೆರಿಕದ ಹಳೆಯ ಪಿನ್‌ಅಪ್ ಚಿತ್ರಗಳನ್ನು ಸಂಗ್ರಹಿಸುತ್ತೇನೆ ಎಂದರೆ ಜನ ಮೊದಲು ನನ್ನ ಹಣೆಯ ವಿಭೂತಿ ನೋಡುತ್ತಾರೆ, ಆಮೇಲೆ ಮುಖ ನೋಡುತ್ತಾರೆ. ನಮ್ಮ ಅಜ್ಜಂದಿರ ಕಾಲದಲ್ಲಿ ಅಲ್ಲಿನ ಕಾರ್ಖಾನೆ, ಗ್ಯಾರೇಜುಗಳ ಗೋಡೆಗೆ ಗುಂಡುಸೂಜಿಯಿಂದ ಸಿಕ್ಕಿಸುತ್ತಿದ್ದ ಚೆಲುವೆಯರ ಚಿತ್ರಗಳು ಅವು. ಗಾಳಿಗೆ ಲಂಗ ಹಾರಿದವಳು, ಏಣಿ ಹತ್ತಿ ಕೆಳಗಿಳಿಯಲಾರದವಳು, ಫೋನಿನ ತಂತಿಯನ್ನು ಕಾಲಿಗೆ ಸುತ್ತಿಕೊಂಡವಳು. ಎಲ್ಲರಿಗೂ ಏನೋ ಒಂದು ಫಜೀತಿ, ಎಲ್ಲರ ಮುಖದಲ್ಲೂ ನಗು.

ಈ ಹುಚ್ಚು ಹಿಡಿಸಿದವರು ನಮ್ಮ ಪ್ರೆಸ್ಸಿನ ಹಿರಿಯ ಕಲಾವಿದರು. ನೆಗೆಟಿವ್ ಮೇಲೆ ಸಣ್ಣ ಕುಂಚ ಆಡಿಸಿ ಚಿತ್ರದ ಕಲೆ ತೆಗೆಯುವುದು ಅವರ ಕೆಲಸ. ಎಲ್ಲರೂ ಅವರನ್ನು ಮೇಷ್ಟ್ರು ಎನ್ನುತ್ತಿದ್ದರು. ನಾನು ಸೇರಿದ ಮೊದಲ ವರ್ಷ ಕ್ಯಾಲೆಂಡರಿನ ದೇವಿಯ ಮುಖಕ್ಕೆ ಕಾಮಾಲೆಯ ಬಣ್ಣ ಬಂದು ಬೈಸಿಕೊಂಡಿದ್ದೆ. ಅಂದು ಮಧ್ಯಾಹ್ನ ಅವರು ತಮ್ಮ ಬೀರುವಿನಿಂದ ಒಂದು ರಟ್ಟಿನ ಫೈಲು ತೆಗೆದು ನನ್ನ ಮುಂದಿಟ್ಟರು. ಒಳಗೆ ಇಪ್ಪತ್ತು ಇಪ್ಪತ್ತೈದು ಅಮೆರಿಕದ ಕ್ಯಾಲೆಂಡರ್ ಹಾಳೆಗಳು. ನಾನು ನಾಚಿ ಫೈಲು ಮುಚ್ಚಿಬಿಟ್ಟೆ.

"ಮುಚ್ಬೇಡಮ್ಮ," ಎಂದರು ಮೇಷ್ಟ್ರು. "ಚರ್ಮದ ಬಣ್ಣ ಕಲೀಬೇಕು ಅಂದ್ರೆ ಇವರನ್ನ ನೋಡು. ನೆರಳಲ್ಲಿ ಹಸಿರು ಹಾಕಿದಾನೆ, ಆದರೂ ಕಾಯಿಲೆಯವಳ ಥರ ಕಾಣಲ್ಲ. ಅದು ಹೆಂಗೆ ಅಂತ ಕಂಡುಹಿಡಿ."

ಕಂಡುಹಿಡಿಯಲು ನನಗೆ ಎರಡು ವರ್ಷ ಬೇಕಾಯಿತು. ಮೇಷ್ಟ್ರು ನಿವೃತ್ತರಾದ ದಿನ ಆ ಫೈಲನ್ನು ನನಗೇ ಕೊಟ್ಟುಹೋದರು. ಅದರಲ್ಲಿ ನನಗೆ ಹೆಚ್ಚು ಇಷ್ಟವಾದದ್ದು ಕೆಂಪು ಕೊಡೆಯ ಹುಡುಗಿ. ಬಿರುಗಾಳಿಗೆ ಕೊಡೆ ಮೇಲ್ಮುಖವಾಗಿ ತಿರುಗಿಕೊಂಡಿದೆ. ಒಂದು ಕೈಯಲ್ಲಿ ಅದನ್ನೂ ಇನ್ನೊಂದರಲ್ಲಿ ಲಂಗವನ್ನೂ ಹಿಡಿದಿದ್ದಾಳೆ. ಒಂದು ಕಾಲಿನ ಚಪ್ಪಲಿ ನೀರಿನ ಗುಂಡಿಯಲ್ಲಿ ಉಳಿದಿದೆ. ಪಕ್ಕದಲ್ಲಿ ಒಂದು ನಾಯಿಮರಿ ಅದನ್ನೇ ನೋಡುತ್ತಿದೆ. ಆ ಕೊಡೆಯ ಕೆಂಪನ್ನು ನಮ್ಮ ಮಷೀನಿನಲ್ಲಿ ತರಲು ಎಷ್ಟೋ ಸಲ ಪ್ರಯತ್ನಪಟ್ಟು ಸೋತಿದ್ದೇನೆ.

ಅಲ್ಲಿಂದಾಚೆಗೆ ಹಳೆಯ ಪುಸ್ತಕದಂಗಡಿಗಳಲ್ಲಿ, ಇಂಟರ್ನೆಟ್ಟಿನಲ್ಲಿ ಇಂಥ ಹಾಳೆಗಳನ್ನು ಹುಡುಕಿ ಕೊಳ್ಳತೊಡಗಿದೆ. ಆದರೆ ಅವೆಲ್ಲ ಅಚ್ಚು, ಎಲ್ಲ ಚುಕ್ಕಿ. ಕಲಾವಿದನೇ ಕುಂಚ ಹಿಡಿದು ಬರೆದ ಮೂಲಚಿತ್ರವೊಂದನ್ನು ಕಣ್ಣಿನಿಂದಲಾದರೂ ನೋಡಬೇಕು ಎಂಬುದು ಆಸೆ. ಅಚ್ಚಾದ ಮೇಲೆ ಮೂಲಚಿತ್ರಕ್ಕೆ ಆಗ ಯಾರೂ ಬೆಲೆ ಕೊಡುತ್ತಿರಲಿಲ್ಲವಂತೆ. ಕೆಲವನ್ನು ಕಸಕ್ಕೆ ಎಸೆದರು, ಕೆಲವನ್ನು ಕೆಲಸಗಾರರಿಗೆ ಹಂಚಿದರು. ಉಳಿದವು ಈಗ ದೊಡ್ಡವರ ಮನೆಗಳಲ್ಲಿವೆ. ಚಿಕ್ಕಬಾಣಾವರದ ನಮ್ಮ ಎರಡು ಕೋಣೆಯ ಫ್ಲ್ಯಾಟಿಗೆ ಬರುವಂಥವಲ್ಲ ಎಂದುಕೊಂಡಿದ್ದೆ.

ನಮ್ಮ ಪ್ರೆಸ್ಸಿನಿಂದ ಎರಡು ರಸ್ತೆ ಆಚೆ ಒಂದು ಹಳೆಯ ಮಷೀನ್ ಶಾಪ್ ಇತ್ತು. ನಮ್ಮ ರೋಲರಿನ ಶಾಫ್ಟುಗಳನ್ನು ಲೇತಿನಲ್ಲಿ ಕಡೆದು ಕೊಡುತ್ತಿದ್ದವರು ಅವರೇ. ಮಾಲೀಕರಿಗೆ ಅರವತ್ತು ದಾಟಿತ್ತು. ಅಂಗಡಿಯನ್ನು ಅತ್ತಿಬೆಲೆಯ ದೊಡ್ಡ ಶೆಡ್ಡಿಗೆ ಸಾಗಿಸುತ್ತಿದ್ದಾರೆಂದು ತಿಳಿದು, ನಮ್ಮ ಶಾಫ್ಟು ಎಲ್ಲಾದರೂ ಕಳೆದುಹೋದೀತೆಂದು ನಾನೇ ತರಲು ಹೋದೆ. ಲೇತುಗಳನ್ನು ಕ್ರೇನು ಎತ್ತುತ್ತಿತ್ತು. ಟೂಲ್ ರೂಮಿನ ಬೀರು ಸರಿಸಿದ ಜಾಗದಲ್ಲಿ, ಗೋಡೆಗೆ ಒಂದು ಚೌಕಟ್ಟು. ಗಾಜಿನ ಮೇಲೆ ಎಣ್ಣೆ, ಕಬ್ಬಿಣದ ಪುಡಿ ಸೇರಿ ಕಪ್ಪಗೆ ಕಟ್ಟಿತ್ತು. ಆ ಕಪ್ಪಿನೊಳಗಿಂದ ಒಂದು ಕೆಂಪು ಕಾಣುತ್ತಿತ್ತು.

ಸೆರಗಿನಿಂದ ಒರೆಸಿದೆ. ನನ್ನ ಫೈಲಿನ ಹುಡುಗಿ. ಅದೇ ಕೊಡೆ, ಅದೇ ನಗು, ಆದರೆ ಹಾಳೆಯ ಎರಡರಷ್ಟು ದೊಡ್ಡದು. ಭೂತಗನ್ನಡಿ ಯಾವಾಗಲೂ ಬ್ಯಾಗಿನಲ್ಲಿರುತ್ತದೆ; ತೆಗೆದು ಗಾಜಿಗೆ ಒತ್ತಿ ಹಿಡಿದೆ. ಕೆನ್ನೆ ನೋಡಿದೆ, ಮೊಣಕಾಲು ನೋಡಿದೆ, ಕೊಡೆ ನೋಡಿದೆ. ಎಲ್ಲೂ ಒಂದು ಚುಕ್ಕಿ ಇಲ್ಲ. ಕುಂಚದ ಕೂದಲು ಎಳೆದ ಗೆರೆಗಳಿದ್ದವು. ಇನ್ನೊಂದು ಸಲ ಮೊದಲಿನಿಂದ ನೋಡಿದೆ.

ಮಾಲೀಕರು ಹಿಂದೆ ಬಂದು ನಿಂತರು. "ಹಳೇ ಕ್ಯಾಲೆಂಡರು ಮೇಡಂ. ಬೇಕಿದ್ರೆ ತಗೊಂಡ್ಹೋಗಿ. ಇಲ್ದಿದ್ರೆ ಗುಜರಿಯವನಿಗೆ ಹೋಗುತ್ತೆ."

ಸುಮ್ಮನೆ ಕಂಕುಳಲ್ಲಿಟ್ಟುಕೊಂಡು ಹೊರಡಬಹುದಿತ್ತು. ಹಾಗೆ ಮಾಡಬೇಕೆಂದು ಅನ್ನಿಸಲೇ ಇಲ್ಲ ಎಂದರೆ ಸುಳ್ಳಾಗುತ್ತದೆ. ಕೊನೆಗೆ ಹೇಳಿದೆ, "ಸಾರ್, ಇದು ಪ್ರಿಂಟ್ ಅಲ್ಲ. ಕೈಯಲ್ಲಿ ಬರೆದಿರೋದು. ಅಸಲಿ ಆಗಿದ್ರೆ ತುಂಬಾ ಬೆಲೆ ಇರುತ್ತೆ."

ಅವರು ಕೈ ಒರೆಸಿಕೊಳ್ಳುತ್ತಿದ್ದ ಬಟ್ಟೆಯನ್ನು ಹಾಗೇ ಹಿಡಿದು ನಿಂತರು. "ಹಂಗಾದ್ರೆ ಅಪ್ಪ ಹೇಳಿದ್ದು ನಿಜ," ಎಂದರು. ಅವರ ತಂದೆ ಯುವಕರಾಗಿದ್ದಾಗ ಮಷೀನಿನ ತರಬೇತಿಗೆಂದು ಅಮೆರಿಕಕ್ಕೆ ಹೋಗಿದ್ದರಂತೆ. ಬಾಡಿಗೆಗಿದ್ದ ಮನೆಯ ಯಜಮಾನ ಒಂದು ಕ್ಯಾಲೆಂಡರ್ ಪ್ರೆಸ್ಸಿನಲ್ಲಿ ಫೋರ್‌ಮನ್. ಹೊರಡುವ ದಿನ ಆತ ಕೊಟ್ಟ ಕಾಣಿಕೆ ಇದು. "ಆರ್ಟಿಸ್ಟೇ ಬರೆದಿದ್ದು ಕಣೋ ಅಂತ ಅಪ್ಪ ಸಾಯೋವರ್ಗೂ ಹೇಳ್ತಿದ್ರು. ನಾವ್ಯಾರೂ ನಂಬ್ಲಿಲ್ಲ. ಮನೇಲಿ ನೇತುಹಾಕೋಕೆ ಅಮ್ಮ ಬಿಡ್ಲಿಲ್ಲ, ಅದಕ್ಕೇ ಇಲ್ಲಿಗೆ ಬಂತು." ಆಮೇಲೆ ಅವರೇ ಹೇಳಿದರು, "ನೀವೇ ತಗೊಂಡ್ಹೋಗಿ ವಿಚಾರಿಸಿ. ಅಸಲೀನೋ ಅಲ್ವೋ ಮೊದಲು ಗೊತ್ತಾಗ್ಲಿ. ಆಮೇಲೆ ಮಾತಾಡೋಣ."

ಈ ಚಿತ್ರಗಳ ವಿಷಯದಲ್ಲಿ ದೊಡ್ಡ ಹೆಸರಿನ ಒಬ್ಬ ವೃದ್ಧೆ ಅಮೆರಿಕದಲ್ಲಿದ್ದಾರೆ. ಕೊಳ್ಳುವವರೂ ಮಾರುವವರೂ ಅವರ ಮಾತನ್ನು ಮೀರುವುದಿಲ್ಲ. ಫೋಟೋಗಳ ಜೊತೆ ಅವರಿಗೆ ಮೇಲ್ ಕಳಿಸಿದೆ. ಮರುದಿನವೇ ಉತ್ತರ ಬಂತು, ನಾಲ್ಕು ಸಾಲು. ಆ ಚಿತ್ರದ ಮೂಲ ಬೆಂಕಿಯಲ್ಲಿ ಸುಟ್ಟುಹೋಗಿದೆ ಎಂದೇ ಎಲ್ಲರ ನಂಬಿಕೆ, ಅಚ್ಚು ನೋಡಿ ಯಾರೋ ಮಾಡಿದ ನಕಲು ಇದಿರಬೇಕು, ಇಂಥವು ತಮಗೆ ಆಗಾಗ ಬರುತ್ತಿರುತ್ತವೆ, ಶುಭವಾಗಲಿ.

ಆ 'ಶುಭವಾಗಲಿ' ನನ್ನನ್ನು ಚುಚ್ಚಿತು.

ನಮ್ಮತ್ತೆ ನಮ್ಮ ಜೊತೆಗೇ ಇರುತ್ತಾರೆ, ದಾವಣಗೆರೆಯವರು. ಚಿತ್ರ ಮನೆಗೆ ಬಂದ ದಿನ ಅವರು, "ಇದನ್ನ ದೇವರ ಕೋಣಿ ಕಡಿಗೆ ಮುಖ ಮಾಡಿ ಇಡಬ್ಯಾಡವ್ವ," ಎಂದಷ್ಟೇ ಹೇಳಿದ್ದರು. ಭಾನುವಾರ ಬೆಳಿಗ್ಗೆ ನಾನು ಊಟದ ಮೇಜಿನ ಮೇಲೆ ಚೌಕಟ್ಟನ್ನು ಮಗುಚಿ ಹಾಕಿ, ತುಕ್ಕು ಹಿಡಿದ ಮೊಳೆಗಳನ್ನು ಇಕ್ಕಳದಿಂದ ಕೀಳತೊಡಗಿದೆ. ಅತ್ತೆ ಅವರೆಕಾಳು ಬಿಡಿಸುತ್ತ ಎದುರಿಗೆ ಕೂತರು. ಹೋಲಿಸಿ ನೋಡಲು ಮೇಷ್ಟ್ರ ಫೈಲಿನ ಹಾಳೆಯನ್ನೂ ಪಕ್ಕದಲ್ಲಿಟ್ಟಿದ್ದೆ.

ಚಿತ್ರವನ್ನು ಹೊರಗೆ ತೆಗೆದು ತಿರುಗಿಸಿಟ್ಟೆ. ಅದರ ಸುತ್ತ ಅಂಚು ಮುಚ್ಚುವಂತೆ ದಪ್ಪ ರಟ್ಟು ಇತ್ತು. ಅದನ್ನು ಎತ್ತಿ ಪಕ್ಕಕ್ಕಿಟ್ಟು, ಕೊಡೆಯ ಮೇಲೆಯೇ ಭೂತಗನ್ನಡಿ ಇಟ್ಟು ಕೂತೆ. ಕೆಂಪಿನ ಕೆಳಗೆ ಕಿತ್ತಳೆಯ ಒಂದು ಪದರ ಕಂಡಿತು. ಚೆನ್ನಾಗಿತ್ತು, ಆದರೆ ಅದರಿಂದ ಏನೂ ಸಾಬೀತಾಗುವುದಿಲ್ಲ. ಒಳ್ಳೆಯ ನಕಲು ಮಾಡುವವನೂ ಹಾಗೆ ಮಾಡಬಲ್ಲ.

"ಅಲ್ಲವ್ವ," ಎಂದರು ಅತ್ತೆ. ಕನ್ನಡಕ ಹಾಕಿಕೊಂಡು ಫೈಲಿನ ಹಾಳೆಯನ್ನು ಕೈಯಲ್ಲಿ ಹಿಡಿದಿದ್ದರು. "ಈ ಕಾಗದದಾಗಿನ ನಾಯಿಗೆ ಬಾಲ ಇಲ್ಲ. ನಿನ್ನ ನಾಯಿಗೆ ಐತಿ."

ನೋಡಿದೆ. ಅಚ್ಚಿನ ಹಾಳೆಯಲ್ಲಿ ನಾಯಿಮರಿಯ ಬೆನ್ನಿಗೇ ಚಿತ್ರ ಮುಗಿಯುತ್ತದೆ. ಚೌಕಟ್ಟಿನ ಚಿತ್ರದಲ್ಲಿ, ಇಷ್ಟು ವರ್ಷ ರಟ್ಟಿನ ಕೆಳಗೆ ಅಡಗಿದ್ದ ಅಂಚಿನಲ್ಲಿ, ಮೇಲಕ್ಕೆ ಸುತ್ತಿಕೊಂಡ ಬಾಲ. ಅದರ ಆಚೆ ರಸ್ತೆದೀಪದ ಕಂಬದ ಬುಡವೂ ಇತ್ತು. ನಾಯಿಯ ಬೆನ್ನು ಮುಗಿಯುವ ನೇರಕ್ಕೆ, ಮೇಲೂ ಕೆಳಗೂ ಬಣ್ಣವಿಲ್ಲದ ಅಂಚಿನಲ್ಲಿ, ಸೀಸದ ಕಡ್ಡಿಯ ಎರಡು ಸಣ್ಣ ಗೆರೆ. ಆ ಗೆರೆಗಳು ನನಗೆ ನನ್ನ ಅಂಗೈಯ ಗೆರೆಗಳಷ್ಟೇ ಪರಿಚಯ. ನಾವು ಕಟಿಂಗ್ ಮಾರ್ಕ್ ಎನ್ನುತ್ತೇವೆ. ಇಲ್ಲಿಗೆ ಕತ್ತರಿಸಿ ಅಚ್ಚು ಹಾಕಿ ಎಂದು ಪ್ರೆಸ್ಸಿಗೆ ಹೇಳುವ ಗುರುತು. ಕೆಳಗಂಚಿನಲ್ಲಿ ಇಂಗ್ಲಿಷಿನ ಓರೆ ಅಕ್ಷರದಲ್ಲಿ ಒಂದು ಸೂಚನೆ: ಎಷ್ಟು ಪಾಲು ಚಿಕ್ಕದು ಮಾಡಬೇಕು, ಕೆಂಪು ತೆಳುವಾಗದಂತೆ ನೋಡಿಕೊಳ್ಳಬೇಕು. ಅಳತೆ ಪಟ್ಟಿ ಇಟ್ಟು ಲೆಕ್ಕ ಹಾಕಿದೆ. ಅಷ್ಟು ಪಾಲು ಚಿಕ್ಕದು ಮಾಡಿದರೆ ಮೇಷ್ಟ್ರ ಹಾಳೆಯ ಅಳತೆ ಕೂದಲೆಳೆಯಷ್ಟೂ ತಪ್ಪದೆ ಬಂತು.

ಅಚ್ಚನ್ನು ನೋಡಿ ನಕಲು ಮಾಡಿದವನಿಗೆ ಕತ್ತರಿಸಿಹೋದ ಬಾಲ ಎಲ್ಲಿಂದ ಗೊತ್ತಾಗಬೇಕು?

ನಾನು ಎದ್ದು ಅತ್ತೆಯನ್ನು ಅಪ್ಪಿಕೊಂಡೆ. ಮದುವೆಯಾಗಿ ಅಷ್ಟು ವರ್ಷಗಳಲ್ಲಿ ಹಾಗೆ ಅಪ್ಪಿಕೊಂಡಿರಲಿಲ್ಲ. ಅವರೆಕಾಳಿನ ಪಾತ್ರೆ ಮಗುಚಿತು. "ಬಿಡು ಬಿಡು, ಕಾಳು ತುಳೀತಿ," ಎಂದರು ಅವರು, ಆದರೆ ನಗುತ್ತಿದ್ದರು.

ಈ ಸಲ ನಾನು ಮೇಲ್ ಬರೆದದ್ದು ಬೇರೆ ರೀತಿ. ಬೇಡಿಕೆ ಇರಲಿಲ್ಲ. ನಾನು ಅಚ್ಚಿನ ಕೆಲಸದವಳು, ಇವು ಅಚ್ಚಿನ ಗುರುತುಗಳು, ಇದು ಅಳತೆ, ಇದು ಬಾಲ ಎಂದು ಹನ್ನೊಂದು ಫೋಟೋ ಕಳಿಸಿದೆ. ನಾಲ್ಕು ದಿನ ಸುದ್ದಿಯಿಲ್ಲ. ಐದನೆಯ ದಿನ ಬೆಳಿಗ್ಗೆ, ನಾನು ಕೆಲಸಕ್ಕೆ ಹೋಗಿ ಮೊದಲ ಹಾಳೆ ನೋಡುತ್ತಿದ್ದಾಗ, ವೀಡಿಯೋ ಕರೆ ಬಂತು. ಬಿಳಿಗೂದಲಿನ ಹೆಂಗಸು, ಅಮೆರಿಕದ ಆ ವೃದ್ಧೆಯೇ. ಮಷೀನಿನ ಸದ್ದಿನಲ್ಲಿ ಒಂದೂ ಕೇಳಿಸಲಿಲ್ಲ. ಓಡಿಹೋಗಿ ಕಾಗದದ ಗೋದಾಮಿನಲ್ಲಿ ನಿಂತೆ.

ಅವರು ನಿಧಾನವಾಗಿ, ನನಗೆ ಅರ್ಥವಾಗಬೇಕೆಂದು ಒಂದೊಂದೇ ಮಾತು ಬಿಡಿಸಿ ಹೇಳಿದರು. ಆ ಕ್ಯಾಲೆಂಡರು ಅಚ್ಚಾದ ಅಮೆರಿಕದ ಪ್ರೆಸ್ಸಿನ ಹಳೆಯ ಕಡತದಲ್ಲಿ ಅದೇ ಓರೆ ಅಕ್ಷರವನ್ನು ಅವರು ನೋಡಿದ್ದರಂತೆ. ತಾಳೆ ಹಾಕಲು ನಾಲ್ಕು ದಿನ ಹಿಡಿಯಿತು. "ನಾನು ತಪ್ಪು ಹೇಳಿದೆ. ನೀವು ಸರಿ ಹೇಳಿದಿರಿ. ಇದು ಅದೇ ಚಿತ್ರ," ಎಂದರು. ಆಮೇಲೆ, ತಾವೇ ಕೊಳ್ಳಲು ಸಿದ್ಧ ಎಂದೂ ಹೇಳಿದರು.

ಅವರು ಹೇಳಿದ ಬೆಲೆಯನ್ನು ಮಾಲೀಕರಿಗೆ ಮುಚ್ಚಿಡುವಂತಿರಲಿಲ್ಲ. ರಜೆ ಹಾಕಿ, ಎರಡು ಬಸ್ಸು ಬದಲಿಸಿ, ಬೊಮ್ಮಸಂದ್ರದ ಟ್ರಾಫಿಕ್ಕಿನಲ್ಲಿ ಬೆಂದು ಅತ್ತಿಬೆಲೆಗೆ ಹೋದೆ. ಹೊಸ ಶೆಡ್ಡಿನಲ್ಲಿ ಅವರು ಲೇತಿನ ಮುಂದೆ ನಿಂತಿದ್ದರು. ಎಲ್ಲವನ್ನೂ ಹೇಳಿದೆ. ಬೆಲೆಯನ್ನೂ ಹೇಳಿದೆ.

ಅವರು ಬೆಲೆಯ ಬಗ್ಗೆ ಏನೂ ಕೇಳಲಿಲ್ಲ. "ಅಪ್ಪ ಸುಳ್ಳು ಹೇಳ್ಲಿಲ್ಲ ಅಂತ ಆಯ್ತಲ್ಲ ಮೇಡಂ," ಎಂದು ಮುಖ ಆ ಕಡೆ ತಿರುಗಿಸಿದರು. ಸುಧಾರಿಸಿಕೊಂಡು ಹೇಳಿದರು, "ಅಮೆರಿಕದವರಿಗೆ ಯಾಕೆ ಕೊಡ್ಲಿ? ನಿಮ್ಮ ಕೈಲಿ ಎಷ್ಟಾಗುತ್ತೋ ಅಷ್ಟು ಕೊಡಿ. ಒಂದು ಮಾತು ನಡೆಸಿಕೊಡಿ. ಚಿತ್ರದ ಹಿಂದೆ ಅಪ್ಪನ ಹೆಸರು ಬರೀಬೇಕು. ಇದು ಇಂಥೋರ ಕೈಲಿತ್ತು ಅಂತ."

ಪಿ.ಎಫ್. ಹಣದಲ್ಲಿ ಒಂದು ಭಾಗ ತೆಗೆದೆ. ಹೆಸರನ್ನು ನಾನೇ ಬರೆದೆ, ಕನ್ನಡದಲ್ಲೂ ಇಂಗ್ಲಿಷಿನಲ್ಲೂ. ಚಿತ್ರ ಈಗ ನಮ್ಮ ಮನೆಯ ಹಾಲ್‌ನ ಗೋಡೆಯ ಮೇಲಿದೆ. ಮನೆಗೆ ಬಂದವರು ನೋಡಿ ಕಣ್ಣು ಬೇರೆ ಕಡೆ ಹೊರಳಿಸಿದರೆ ಅತ್ತೆ ಬಿಡುವುದಿಲ್ಲ. ಕೈ ಹಿಡಿದು ಹತ್ತಿರ ಕರೆದೊಯ್ಯುತ್ತಾರೆ. "ಇವಳು ಗಾಜು ಇಟ್ಕೊಂಡು ವಾರಗಟ್ಲೆ ಕುಂತಿದ್ಲು. ಬಾಲ ಕಂಡುಹಿಡಿದಾಕಿ ನಾನು," ಎನ್ನುತ್ತಾರೆ.

ಆಮೇಲಿನ ವರ್ಷಗಳಲ್ಲಿ ಇನ್ನೂ ನಾಲ್ಕು ಮೂಲಚಿತ್ರಗಳು ಬಂದಿವೆ, ಎಲ್ಲ ಚಿಕ್ಕವು: ಒಂದು ಪೆನ್ಸಿಲ್ ರೇಖೆ, ಒಂದು ಅರ್ಧ ಬಣ್ಣ ಹಾಕಿ ಬಿಟ್ಟದ್ದು, ಎರಡು ಬರೀ ಮುಖ. ಅರ್ಧ ಬಿಟ್ಟದ್ದರಲ್ಲಿ ನೆರಳಿನ ಹಸಿರು ಬಿಚ್ಚಿ ಕಾಣುತ್ತದೆ. ಅದನ್ನು ಮೇಷ್ಟ್ರಿಗೆ ತೋರಿಸಲು ಅವರಿಲ್ಲ ಎಂಬುದೊಂದೇ ಕೊರತೆ. ಅಮೆರಿಕದ ಆ ಅಜ್ಜಿ ಈಗ ನನಗೆ ವಾರಕ್ಕೊಮ್ಮೆಯಾದರೂ ಬರೆಯುತ್ತಾರೆ. ಸಂಶಯದ ಚಿತ್ರ ಬಂದರೆ ಅಂಚಿನ ಫೋಟೋ ತೆಗೆದು ನನಗೆ ಕಳಿಸುತ್ತಾರೆ. ಹೋದ ತಿಂಗಳು ದೊಡ್ಡ ಸಂಗ್ರಹಕಾರರೊಬ್ಬರು ಒಂದು ಚಿತ್ರವನ್ನು ಅಸಲಿ ಎಂದು ಹಟ ಹಿಡಿದಿದ್ದರಂತೆ. ಕಟಿಂಗ್ ಮಾರ್ಕುಗಳನ್ನು ನೋಡಿದೆ. ಖಾಲಿ ಅಂಚಿನಲ್ಲಿರಬೇಕಾದ ಗೆರೆಗಳನ್ನು ಬಣ್ಣದ ಮೇಲೆಯೇ ಎಳೆದಿದ್ದರು; ಪ್ರೆಸ್ಸಿನವರು ಯಾರೂ ಹಾಗೆ ಚಿತ್ರ ಕೆಡಿಸುವುದಿಲ್ಲ. ಅಳತೆಯೂ ಯಾವ ಹಾಳೆಗೂ ಕೂಡುವುದಿಲ್ಲ. ನಕಲು ಎಂದು ಬರೆದೆ. ಅಜ್ಜಿ ನನ್ನ ಪತ್ರವನ್ನು ಹಾಗೆಯೇ ಆ ಸಂಗ್ರಹಕಾರರಿಗೆ ಕಳಿಸಿ, ಮೇಲೆ ಒಂದು ಸಾಲು ಸೇರಿಸಿದ್ದರು: ಬೆಂಗಳೂರಿನವರು ನೋಡಿದ್ದಾರೆ, ಇನ್ನು ವಾದ ಬೇಡ.